ಒಂಬತ್ತನೆಯ ತರಗತಿಗೆ ಫ್ರೆಂಚೋ, ಸ್ಪ್ಯಾನಿಷೋ? ತಿಳಿದವರ ಸಲಹೆ ಬೇಕು

ಪ್ರಶ್ನೆ: ಶಹಾಪುರ, ಬೆಳಗಾವಿಯಿಂದ ಒಬ್ಬ ಪಾಲಕ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಬೆಳಗಾವಿಯ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಎಂಟನೆಯ ತರಗತಿಯನ್ನು ಮುಗಿಸುತ್ತಿದ್ದಾಳೆ. ಬರುವ ವರ್ಷದಿಂದ ಹಿಂದಿಯ ಬದಲು ಫ್ರೆಂಚ್ ಅಥವಾ ಸ್ಪ್ಯಾನಿಷ್ ತೆಗೆದುಕೊಳ್ಳಬಹುದು ಎಂದು ಶಾಲೆಯವರು ತಿಳಿಸಿದ್ದಾರೆ. ಕನ್ನಡ ಹೇಗೂ ಮುಂದುವರಿಯುವುದರಿಂದ ಆ ಚಿಂತೆಯಿಲ್ಲ. ಹದಿನೈದು ದಿನಗಳೊಳಗೆ ಅರ್ಜಿಗೆ ಸಹಿ ಮಾಡಿ ಕೊಡಬೇಕಾಗಿದೆ.

ನಮ್ಮದು ಸೀರೆ ಅಂಗಡಿ. ಮನೆಯಲ್ಲಿ ಕನ್ನಡ, ಗಿರಾಕಿಗಳೊಡನೆ ಹೆಚ್ಚಾಗಿ ಮರಾಠಿ, ಟಿವಿಯಲ್ಲಿ ಹಿಂದಿ, ಹೀಗೆ ಬೆಳೆದ ಹುಡುಗಿ ಕೇಳಿದ್ದನ್ನು ಬೇಗ ಹಿಡಿಯುತ್ತಾಳೆ. ಆದರೆ ಇಂಗ್ಲಿಷ್ ಬರೆಯಲು ಕುಳಿತರೆ ಕಾಗುಣಿತದಲ್ಲಿ ಅಂಕ ಕಳೆದುಕೊಳ್ಳುತ್ತಾಳೆ. ಕೆನಡಾಕ್ಕೆ ಹೋಗಲು ಅನುಕೂಲವಾಗುತ್ತದೆ, ಫ್ರೆಂಚ್ ಕೊಡಿಸಿ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗ ಸ್ಪ್ಯಾನಿಷ್ ಎನ್ನುತ್ತಾನೆ. ಮಗಳ ಒಲವೂ ಸ್ಪ್ಯಾನಿಷ್ ಕಡೆಗೇ ಇದೆ, ಆದರೆ ಅದಕ್ಕೆ ಅವಳು ಕೊಡುವ ಕಾರಣ ಫುಟ್‌ಬಾಲ್ ಮತ್ತು ಮೆಸ್ಸಿ. ಫ್ರೆಂಚ್ ಕಲಿಸುವ ಶಿಕ್ಷಕಿ ಶಾಲೆಯಲ್ಲೇ ಇದ್ದಾರೆ. ಸ್ಪ್ಯಾನಿಷ್ ಪಾಠ ವಾರಕ್ಕೆ ಮೂರು ಸಲ ಆನ್‌ಲೈನ್‌ನಲ್ಲಿ ನಡೆಯುತ್ತದೆಯಂತೆ. ನನಗಾಗಲಿ ನನ್ನ ಹೆಂಡತಿಗಾಗಲಿ ಎರಡರಲ್ಲೂ ಒಂದಕ್ಷರ ಬಾರದು. ಯಾವುದನ್ನು ಬರೆದುಕೊಡಲಿ?

ಉತ್ತರ 1: ಭಾಷಾ ಶಿಕ್ಷಕಿ, ವಿಜಯಪುರ

ಅಣ್ಣನವರಿಗೆ ನಮಸ್ಕಾರ. ನಾನು ಎರಡೂ ಭಾಷೆಗಳನ್ನು ಪ್ರಾರಂಭಿಕ ಹಂತದ ಮಕ್ಕಳಿಗೆ ಕಲಿಸುತ್ತೇನೆ. ತಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕೆನಡಾ ಅಲ್ಲ, ಅಮೆರಿಕವೂ ಅಲ್ಲ, ಆ ಕಾಗುಣಿತದ ಮಾತು.

ಸ್ಪ್ಯಾನಿಷ್ ಬಹುಮಟ್ಟಿಗೆ ಕನ್ನಡದಂತೆ ಬರೆದ ಹಾಗೆ ಓದುವ ಭಾಷೆ. ಅ, ಎ, ಇ, ಒ, ಉ ಎಂಬ ಐದು ಸ್ವರಗಳು ಎಲ್ಲಿ ಬಂದರೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಕೇಳಿಸುತ್ತವೆ. ಎಚ್ ಅಕ್ಷರ ಮೂಕವಾಗಿರುತ್ತದೆ, ಬಿ ಮತ್ತು ವಿ ಅಕ್ಷರಗಳಿಗೆ ಉಚ್ಚಾರ ಒಂದೇ. ಇಂತಹ ಕೆಲವನ್ನು ನೆನಪಿಟ್ಟುಕೊಂಡರೆ ಮೊದಲ ತಿಂಗಳಲ್ಲೇ ಮಗು ಅರ್ಥ ತಿಳಿಯದ ಪುಟವನ್ನೂ ಗಟ್ಟಿಯಾಗಿ ಓದಬಲ್ಲದು. ಇನ್ನು ಕ್ರಿಯಾಪದದ ಕೊನೆಯನ್ನು ಗಮನಿಸಿ. ನಾವು ‘ಮಾತನಾಡುತ್ತೇನೆ’ ಎಂದಾಗ ‘ನಾನು’ ಎಂದು ಹೇಳಬೇಕಾಗುವುದಿಲ್ಲ. ಸ್ಪ್ಯಾನಿಷ್‌ನಲ್ಲಿಯೂ ‘ಆಬ್ಲೊ’ ಎಂದರೆ ನಾನು ಮಾತನಾಡುತ್ತೇನೆ, ‘ಆಬ್ಲಾಸ್’ ಎಂದರೆ ನೀನು ಮಾತನಾಡುತ್ತೀಯ, ‘ಆಬ್ಲಾನ್’ ಎಂದರೆ ಅವರು ಮಾತನಾಡುತ್ತಾರೆ. ಫ್ರೆಂಚ್‌ನಲ್ಲಿ ಈ ಮೂರು ರೂಪಗಳನ್ನು ಮೂರು ಬಗೆಯಾಗಿ ಬರೆದರೂ ಕಿವಿಗೆ ಬೀಳುವುದು ‘ಪಾರ್ಲ್’ ಎಂಬ ಒಂದೇ ಸದ್ದು. ಕಿವಿಯಿಂದ ಕಲಿಯುವ ಮಗು ಅಂಕ ಕಳೆದುಕೊಳ್ಳುವುದು ಇಲ್ಲಿಯೇ.

ಹಾಗೆಂದು ಫ್ರೆಂಚ್ ನಮಗೆ ಪೂರ್ತಿ ಪರಕೀಯವೇನೂ ಅಲ್ಲ. ‘ಲ’ ಮತ್ತು ‘ಆಮಿ’ ಸೇರಿ ‘ಲಾಮಿ’ ಆಗುವುದನ್ನು ನಾನು ಲೋಪಸಂಧಿಯ ಹೆಸರಿನಲ್ಲೇ ಕಲಿಸುತ್ತೇನೆ. ‘ಲೇ’ ಮತ್ತು ‘ಆಮಿ’ ನಡುವೆ ಅಡಗಿದ್ದ ವ್ಯಂಜನ ಹೊರಬಂದು ‘ಲೇಜಾಮಿ’ ಆದಾಗ ಮಕ್ಕಳು ಆಗಮಸಂಧಿಯನ್ನು ನೆನೆಯುತ್ತಾರೆ. ಹಿರಿಯರಿಗೆ ಬಳಸುವ ‘ವು’ ನಮ್ಮ ‘ನೀವು’ ಇದ್ದಂತೆಯೇ ಬಹುವಚನದ ಗೌರವ. ಗಂಟಲಿನಿಂದ ಹೊರಡುವ ಫ್ರೆಂಚ್ ರಕಾರ ಉರ್ದುವಿನ ಗೈನ್ ಅಕ್ಷರಕ್ಕೆ ಬಹಳ ಹತ್ತಿರವಾದದ್ದು, ಆದ್ದರಿಂದ ಉರ್ದು ಮನೆಮಾತಿನ ನನ್ನ ವಿದ್ಯಾರ್ಥಿಗಳು ಉಳಿದವರಿಗಿಂತ ಬೇಗ ಅದನ್ನು ಹಿಡಿದರು. ಆದರೆ ಸಂಖ್ಯೆಗಳ ಪಾಠದ ದಿನ ಎಲ್ಲರೂ ಸಮಾನರು: ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’ ಎನ್ನಬೇಕು, ತೊಂಬತ್ತೇಳಕ್ಕೆ ‘ನಾಲ್ಕು ಇಪ್ಪತ್ತು ಹದಿನೇಳು’ ಎನ್ನಬೇಕು.

ಲಿಂಗದ ತೊಡಕು ಎರಡರಲ್ಲೂ ಇದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಅಲ್ಲಿ ಮೇಜೂ ಸ್ತ್ರೀಲಿಂಗ. ಹಿಂದಿಯಲ್ಲಿ ‘ಕಿತಾಬ್’ ಸ್ತ್ರೀಲಿಂಗವೆಂದು ಒಪ್ಪಿಕೊಂಡ ಮಗುವಿಗೆ ಇದು ಹೊಸ ಆಘಾತವಲ್ಲ. ಸ್ಪ್ಯಾನಿಷ್‌ನಲ್ಲಿ ‘ಒ’ ಕೊನೆಗಿದ್ದರೆ ಸಾಮಾನ್ಯವಾಗಿ ಪುಲ್ಲಿಂಗ, ‘ಅ’ ಇದ್ದರೆ ಸ್ತ್ರೀಲಿಂಗ ಎಂಬ ಆಸರೆಯಾದರೂ ಸಿಗುತ್ತದೆ.

ಉತ್ತರ 2: ಹತ್ತರಗಿಯ ವಿಮಾನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್

ಉದ್ಯೋಗದ ಬಗ್ಗೆ ಮಾತ್ರ ನಾಲ್ಕು ಮಾತು. ಇಲ್ಲಿಯ ವಿಶೇಷ ಆರ್ಥಿಕ ವಲಯದಿಂದ ಏರ್‌ಬಸ್ ವಿಮಾನಗಳಿಗೆ ಬಿಡಿಭಾಗಗಳು ಹೋಗುತ್ತವೆ, ಏರ್‌ಬಸ್‌ನ ಕೇಂದ್ರ ಫ್ರಾನ್ಸಿನ ಟುಲೂಸ್‌ನಲ್ಲಿದೆ, ಹೀಗಾಗಿ ಫ್ರೆಂಚ್ ಕಲಿತರೆ ಬೆಳಗಾವಿಯಲ್ಲೇ ಕೆಲಸ ಸಿಗುತ್ತದೆ ಎಂಬ ಮಾತು ನಮ್ಮೂರಿನಲ್ಲಿ ಓಡಾಡುತ್ತಿದೆ. ಅದೇ ಕಂಪನಿಗೆ ಸ್ಪೇನ್‌ನ ಹೆತಾಫೆ ಮತ್ತು ಸೆವಿಲ್ಯಾದಲ್ಲಿಯೂ ದೊಡ್ಡ ಘಟಕಗಳಿವೆ ಎಂಬುದನ್ನು ಯಾರೂ ಹೇಳುವುದಿಲ್ಲ. ನನ್ನ ಮೇಜಿಗೆ ಬರುವ ಡ್ರಾಯಿಂಗ್, ಈಮೇಲ್, ತಪಾಸಣಾ ವರದಿ ಎಲ್ಲವೂ ಇಂಗ್ಲಿಷಿನಲ್ಲಿಯೇ ಇರುತ್ತವೆ. ಕೆಲಸ ಕೊಡಿಸುವುದು ಯಂತ್ರಜ್ಞಾನ. ಭಾಷೆ ಬಂದರೆ ಊಟದ ಹೊತ್ತಿನಲ್ಲಿ ಸ್ನೇಹ ಬೆಳೆಯುತ್ತದೆ, ಅದೂ ಕಡಿಮೆಯ ಲಾಭವಲ್ಲ.

ಕೆನಡಾದ ವಿಷಯ: 2023ರಿಂದ ಅಲ್ಲಿಯ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸೆ ವ್ಯವಸ್ಥೆಯಲ್ಲಿ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ವರ್ಗದ ಆಯ್ಕೆ ಇರುವುದು ನಿಜ. ಆದರೆ ಅದಕ್ಕೆ ಟೆಫ್ ಅಥವಾ ಟಿಸಿಎಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯ ಕೆನಡಾ ರೂಪವನ್ನೇ ಬರೆಯಬೇಕು, ಆ ಫಲಿತಾಂಶ ಎರಡು ವರ್ಷ ಮಾತ್ರ ಊರ್ಜಿತ, ಮತ್ತು ಕೇಳುವ ಮಟ್ಟವನ್ನು ಹತ್ತನೆಯ ತರಗತಿಯ ಪಾಠ ಮುಟ್ಟುವುದಿಲ್ಲ. ತಮ್ಮ ಮಗಳು ಪದವಿ ಮುಗಿಸುವ ಹೊತ್ತಿಗೆ ಆ ನಿಯಮವೇ ಇರುತ್ತದೆ ಎಂದು ನಾನಂತೂ ನಂಬಲಾರೆ.

ಉತ್ತರ 3: ವಿದ್ಯಾಗಿರಿ, ಬಾಗಲಕೋಟೆಯಿಂದ ಒಬ್ಬ ತಾಯಿ

ನಮ್ಮ ಮಗ ಮೂರು ವರ್ಷ ಫ್ರೆಂಚ್ ಓದಿದ. ನಡುವೆ ಶಿಕ್ಷಕರು ಕೆಲಸ ಬಿಟ್ಟುಹೋದರು; ಶಾಲೆಯವರು ಐದು ತಿಂಗಳು ಯಾರನ್ನೂ ನೇಮಿಸದೆ, ಕೊನೆಗೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬಾಯಿಪಾಠ ಮಾಡಿಸಿ ಪರೀಕ್ಷೆಗೆ ಕಳುಹಿಸಿದರು. ಅಂಕ ಚೆನ್ನಾಗಿಯೇ ಬಂತು. ಇಂದು ಅವನಿಗೆ ತನ್ನ ಹೆಸರು ಹೇಳಿ ನಮಸ್ಕರಿಸುವಷ್ಟು ಮಾತ್ರ ಫ್ರೆಂಚ್ ಬರುತ್ತದೆ. ಆದ್ದರಿಂದ ಶಿಕ್ಷಕರು ಹೋದರೆ ಮುಂದೇನು, ಮಕ್ಕಳ ಪಟ್ಟಿಯನ್ನು (ಬರೆಯುವ ಪುಸ್ತಕವನ್ನು) ಯಾರು ತಿದ್ದುತ್ತಾರೆ ಎಂದು ಶಾಲೆಯವರನ್ನು ಬರವಣಿಗೆಯಲ್ಲಿ ಕೇಳಿರಿ. ಆನ್‌ಲೈನ್ ಪಾಠಕ್ಕೆ ಈ ಪ್ರಶ್ನೆ ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಇನ್ನೊಂದು ಸಂಗತಿ. ನಮ್ಮ ರಾಜ್ಯದ ಪಿಯು ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್ ಇದೆ, ಸ್ಪ್ಯಾನಿಷ್ ಇಲ್ಲ. ಹತ್ತರ ನಂತರ ಮಗಳನ್ನು ಪಿಯುಗೆ ಸೇರಿಸುವುದಾದರೆ ಸ್ಪ್ಯಾನಿಷ್ ಅಲ್ಲಿಗೆ ನಿಲ್ಲುತ್ತದೆ. ಆದರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕಾಲೇಜಿನಲ್ಲಿ ಕಲಿಸುವವರು ಇರುತ್ತಾರೆಂದು ತಿಳಿಯಬೇಡಿ. ನಮ್ಮ ಮಗ ಸೇರಿದ ಕಾಲೇಜಿನಲ್ಲಿ ಇರಲಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಪಿಯುನಲ್ಲಿ ಅವಳು ಕನ್ನಡವನ್ನೇ ತೆಗೆದುಕೊಳ್ಳುವವಳು, ಆದ್ದರಿಂದ ಆ ತೊಡಕು ನಮಗಿಲ್ಲ. ಆದರೆ ಎರಡು ವರ್ಷ ಕಲಿತು ಬಿಟ್ಟರೆ ಉಳಿಯುವುದೇನು? ಹೊರಗಿನ ಪರೀಕ್ಷೆ ಬರೆಸಬಹುದೇ?

ಉತ್ತರ 1ರವರು ಮತ್ತೆ

ಬರೆಸಬಹುದು. ಫ್ರೆಂಚ್‌ಗೆ ಡೆಲ್ಫ್ ಪರೀಕ್ಷೆ, ಸ್ಪ್ಯಾನಿಷ್‌ಗೆ ದೆಲೆ ಪರೀಕ್ಷೆ. ಎರಡರಲ್ಲೂ ಎ1, ಎ2 ಎಂದು ಮಟ್ಟಗಳಿದ್ದು, ಒಮ್ಮೆ ಪಡೆದ ಪ್ರಮಾಣಪತ್ರ ಜೀವನಪರ್ಯಂತ ಊರ್ಜಿತವಾಗಿರುತ್ತದೆ. ಶಾಲಾ ಮಕ್ಕಳಿಗೆಂದೇ ರೂಪಿಸಿದ ದೆಲೆ ಪರೀಕ್ಷೆಯೂ ಇದೆ. ಡೆಲ್ಫ್ ಪರೀಕ್ಷೆಗೆ ತಮಗೆ ಬೆಂಗಳೂರಿಗಿಂತ ಪುಣೆಯ ಅಲಿಯಾನ್ಸ್ ಫ್ರಾನ್ಸೇಸ್ ಹತ್ತಿರವಾಗುತ್ತದೆ. ದೆಲೆಯ ಹೊಣೆ ಹೊತ್ತ ಸೆರ್ವಾಂತೆಸ್ ಸಂಸ್ಥೆಯ ಕೇಂದ್ರ ಇರುವುದು ದೆಹಲಿಯಲ್ಲಿ, ಈ ಒಂದು ವಿಷಯದಲ್ಲಿ ಫ್ರೆಂಚ್‌ನ ಕೈ ಮೇಲೆ. ಆದರೂ ನನ್ನ ತೀರ್ಮಾನ ಬದಲಾಗುವುದಿಲ್ಲ: ಪಟ್ಟಿ ತಿದ್ದುವವರು ಇದ್ದಾರೆಂದು ಶಾಲೆ ಒಪ್ಪಿದರೆ ಸ್ಪ್ಯಾನಿಷ್, ಒಪ್ಪದಿದ್ದರೆ ತರಗತಿಯಲ್ಲಿ ಎದುರಿಗೆ ನಿಂತು ಕಲಿಸುವ ಆ ಫ್ರೆಂಚ್ ಶಿಕ್ಷಕಿ. ಮೆಸ್ಸಿಯ ಕಾರಣವನ್ನೂ ಹಗುರವಾಗಿ ಕಾಣಬೇಡಿ. ದಿನವೂ ಅರ್ಧ ಗಂಟೆ ತಾನಾಗಿ ಕೇಳುವ ಭಾಷೆಯೇ ಮಗುವಿಗೆ ಹತ್ತುತ್ತದೆ. ಫ್ರಾನ್ಸಿನ ಎಂಬಾಪೆ ಕೂಡ ಈಗ ಮ್ಯಾಡ್ರಿಡ್‌ನಲ್ಲಿ ಸ್ಪ್ಯಾನಿಷ್ ಮಾತನಾಡುತ್ತಾನೆ ಎಂದು ಅವಳಿಗೆ ಹೇಳಿರಿ.

ಪ್ರಶ್ನೆ ಕೇಳಿದವರು

ಇಂದು ಶಾಲೆಗೆ ಹೋಗಿ ಬಂದೆ. ಪ್ರತಿ ತಿಂಗಳು ಪಟ್ಟಿ ತಿದ್ದಿ ಕಳುಹಿಸುವುದಾಗಿ ಒಪ್ಪಿದ್ದಾರೆ, ಆದರೆ ಹತ್ತು ಮಕ್ಕಳಾದರೂ ಸೇರದಿದ್ದರೆ ಸ್ಪ್ಯಾನಿಷ್ ವರ್ಗವನ್ನೇ ನಡೆಸುವುದಿಲ್ಲವಂತೆ. ಈವರೆಗೆ ಏಳು ಅರ್ಜಿಗಳು ಬಂದಿವೆ, ನಮ್ಮದು ಎಂಟನೆಯದು. ಮೊದಲನೆಯ ಆಯ್ಕೆ ಸ್ಪ್ಯಾನಿಷ್, ಎರಡನೆಯದು ಫ್ರೆಂಚ್ ಎಂದು ಬರೆದು ಸಹಿ ಮಾಡಿದ್ದೇನೆ. ಮಗಳು ತನ್ನ ಫುಟ್‌ಬಾಲ್ ತಂಡದ ಗೆಳತಿಯರ ಮನೆಗಳಿಗೆ ಫೋನ್ ಮಾಡುತ್ತ ಕುಳಿತಿದ್ದಾಳೆ.