ಟಿವಿ ಮ್ಯಾಲಿನ ಅಕ್ಷರ ಮುಂದ, ಟ್ರ್ಯಾಕ್ ಹಿಂದ: ಕರೋಕೆಗೆ ಎಂಥಾ ಬ್ಲೂಟೂತ್ ಆಂಪ್ಲಿಫೈಯರ್ ತಗೋಬೇಕು?

ಫರಸಿ_ಮನಿ, ಜಮಖಂಡಿ

ನಮಸ್ಕಾರ್ರೀ. ಮನ್ಯಾಗ ಹಾಡು ಕೇಳಾಕ, ರಜಾ ದಿನ ಮನಿಮಂದಿ ಕೂಡಿ ಕರೋಕೆ ಹಾಡಾಕ ಒಂದು ಬ್ಲೂಟೂತ್ ಆಂಪ್ಲಿಫೈಯರ್ ಬೇಕಾಗೇತಿ. ಈಗಿರೂದು ಅಂಗೈಯಷ್ಟ ಡಬ್ಬಿ. ಬೋರ್ಡಿನ ಮ್ಯಾಲೆ ಟಿಪಿಎ3116 ಅಂತ ಐತಿ. 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್, 8 ಓಮ್‌ನ ಎರಡು ಸ್ಪೀಕರ್. ಕೋಲಿ 12 ಬೈ 16 ಅಡಿ, ಮ್ಯಾಲೆ ಸ್ಲ್ಯಾಬ್, ಕೆಳಗ ಫರಸಿ.

ತೊಂದ್ರಿ ನಾಕು ಅದಾವು. ಟಿವಿಯಿಂದ ಬ್ಲೂಟೂತ್ ಜೋಡಿಸಿದ್ರ ಸಾಹಿತ್ಯದ ಬಣ್ಣ ಮುಂದ ಓಡತೈತಿ, ಟ್ರ್ಯಾಕ್ ಹಿಂದ ಬರತೈತಿ. ಮೊಬೈಲ್‌ನ್ಯಾಗ ಯೂಟ್ಯೂಬ್ ಹಚ್ಚಿದ್ರ ಹಿಂಗ ಆಗೂದಿಲ್ಲ. ದಪ್ಪ ಪಿನ್ನಿನ ಮೈಕ್ ಕನ್ವರ್ಟರ್ ಹಾಕಿ ಆಕ್ಸ್‌ಗೆ (ವೈರಿನಿಂದ ದನಿ ಕೊಡೂ ತೂತಿಗೆ) ಚುಚ್ಚಿದ್ರ ದನಿ ಭಾಳ ಸಣ್ಣಗ ಬರತೈತಿ. ವಾಲ್ಯೂಮ್ ಅರ್ಧ ದಾಟಿದ್ರ, ಅದೂ ಬೇಸ್ ಜೋರಿದ್ದ ಹಾಡಿಗೆ, ಡಬ್ಬಿ ಬಂದ್ ಆಗಿ ಟುಂಯ್ ಅಂತ ಮತ್ತ ಚಾಲೂ ಆಕ್ಕೈತಿ. ಇನ್ನ ಟಿವಿ ಹೆಡ್‌ಫೋನ್ ತೂತಿನಿಂದ ವೈರ್ ಎಳದ್ರ ಗುಂಯ್ ಅಂತ ಒಂದs ಸವನ ಹಮ್.

ಪ್ಯಾಟ್ಯಾಗ 2000 ವ್ಯಾಟ್ ಅಂತ ಬರದಿದ್ದ ಒಂದು ಕರೋಕೆ ಆಂಪ್ಲಿಫೈಯರ್ ತೋರಿಸ್ಯಾರ. 6ರಿಂದ 8 ಸಾವಿರದೊಳಗ ಮುಗೀಬೇಕು. ಅದನ್ನ ತಗೋಳೂದೋ, ಬ್ಯಾರೆ ಏನರೆ ಐತೋ?

ಗುಮ್ಮಟದ_ಎಕೋ, ವಿಜಯಪುರ

ಡಬ್ಬಿ ಬಂದ್ ಆಗೂದನ್ನ ಮೊದಲು ಹಿಡೀರಿ, ಯಾಕಂದ್ರ ಅದು ಆಂಪ್ಲಿಫೈಯರ್‌ದ ತಪ್ಪಲ್ಲ, ಅಡಾಪ್ಟರ್‌ದ್ದು. 12 ವೋಲ್ಟ್ ಕೊಟ್ರ 8 ಓಮ್ ಸ್ಪೀಕರಿಗೆ ಸ್ವಚ್ಛ ದನಿಯಾಗ ಸಿಗೂದು ಚಾನೆಲ್ಲಿಗೆ ಹೆಚ್ಚಂದ್ರ 9 ವ್ಯಾಟ್. ಲೆಕ್ಕ ಸರಳ ಐತಿ: ವೋಲ್ಟನ್ನ ವೋಲ್ಟಿಗೆ ಗುಣಸ್ರಿ, ಓಮಿನ ಎರಡು ಪಟ್ಟಿನಿಂದ ಭಾಗಸ್ರಿ. 144 ಭಾಗ 16. ಅದಕ್ಕಿಂತ ಹೆಚ್ಚು ತಿರುವಿದ್ರ ದನಿ ಒಡದು, ಬೇಸ್ ಹೊಡತಕ್ಕ ಕರೆಂಟ್ ದುಪ್ಪಟ್ಟಿನ ಹತ್ರ ಹೋಗತೈತಿ. ನಿಮ್ಮ ಅಡಾಪ್ಟರ್ ಕೊಡೂದು ಒಟ್ಟು 24 ವ್ಯಾಟ್. ವೋಲ್ಟೇಜ್ ಕುಸಿದ ಕೂಡ್ಲೆ ಬ್ಲೂಟೂತ್ ಚಿಪ್ ಸತ್ತು ಹುಟ್ಟತೈತಿ, ಆ ಟುಂಯ್ ಅಂದ್ರ ಅದs. ನಾಬ್ ಅರ್ಧದಾಗ ಐತಿ ಅಂದ್ರ ಪವರ್ ಅರ್ಧ ಐತಿ ಅಂತ ತಿಳೀಬ್ಯಾಡ್ರಿ. ಮೊಬೈಲ್ ದನಿ ಪೂರ್ತಿ ಇದ್ರ ನಾಬ್ ಅರ್ಧಕ್ಕs ಆಂಪ್ಲಿಫೈಯರ್ ತುದಿ ಮುಟ್ಟಿರತೈತಿ.

ಹಳೆ ಲ್ಯಾಪ್‌ಟಾಪ್ ಚಾರ್ಜರ್ ಇದ್ರ ತಗೀರಿ: 19 ವೋಲ್ಟ್, 3.42 ಅಥವಾ 4.74 ಆಂಪಿಯರ್. ಅದs ಸ್ಪೀಕರಿಗೆ ಚಾನೆಲ್ಲಿಗೆ 22 ವ್ಯಾಟ್ ಆತು, ಆ ಕೋಲಿಗೆ ಸಾಕು. ಹಚ್ಚೂಕಿಂತ ಮೊದಲು ಮೂರು ನೋಡ್ರಿ. ಬೋರ್ಡಿನ ದೊಡ್ಡ ಕೆಪ್ಯಾಸಿಟರ್ ಮ್ಯಾಲೆ 25 ವಿ ಅಥವಾ 35 ವಿ ಅಂತ ಇರಬೇಕು. 16 ವಿ ಇದ್ರ 19 ವೋಲ್ಟ್ ಕೊಡಬ್ಯಾಡ್ರಿ, ಉಬ್ಬಿ ಒಡೀತಾವು. ಪಿನ್ನಿನ ಒಳಗಿನದು ಪ್ಲಸ್ ಇರಬೇಕು. ತೂತು 5.5/2.1 ಐತೋ 5.5/2.5 ಐತೋ ನೋಡ್ರಿ, 2.1ರ ಜ್ಯಾಕಿಗೆ 2.5ರ ಪಿನ್ ಹೊಂದಿದಂಗ ಕಾಣತೈತಿ, ಆದ್ರ ಸಡ್ಲಾಗಿ ಬೇಸಿಗೊಮ್ಮೆ ಕರೆಂಟ್ ಬಿಡತೈತಿ. ಚಿಪ್ ಟಿಪಿಎ3116 ಅನ್ನೂದು ಖರೇ ಇದ್ರ 24 ವೋಲ್ಟ್‌ಗೂ ಅಂಜಿಕಿಲ್ಲ. ಪಿಎಎಂ8610 ಇದ್ರ 15 ದಾಟಬ್ಯಾಡ್ರಿ, ಟಿಡಿಎ7297 ಇದ್ರ 18.

ಇನ್ನೊಂದು. ಇಂಥಾ ಬೋರ್ಡಿನಾಗ ಸ್ಪೀಕರ್ ಮೈನಸ್ ಅಂದ್ರ ಗ್ರೌಂಡ್ ಅಲ್ಲ, ಎರಡೂ ತಂತಿಯಾಗ ದನಿ ಹರೀತೈತಿ. ಎಡಗಡೆ ಬಲಗಡೆ ಮೈನಸ್ ಎರಡೂ ಕೂಡಿಸಿ ಒಂದs ತಂತಿ ಎಳದ್ರ ಚಿಪ್ ಹೋದಂಗs.

ಬೆಸುಗೆ_ತಂತಿ, ಬೆಳಗಾವಿ

ಅಕ್ಷರ ಮತ್ತು ಹಾಡಿನ ಅಂತರದ ಬಗ್ಗೆ. ಬ್ಲೂಟೂತ್‌ನಲ್ಲಿ ದನಿಯನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಸಾಮಾನ್ಯ ಎಸ್‌ಬಿಸಿ ಕೋಡೆಕ್‌ಗೆ (ಕೋಡೆಕ್ ಅಂದರೆ ದನಿ ಕುಗ್ಗಿಸಿ ಬಿಡಿಸುವ ವಿಧಾನ) 150ರಿಂದ 250 ಮಿಲಿಸೆಕೆಂಡ್ ಹಿಡಿಯುತ್ತದೆ. ಮೊಬೈಲ್‌ನ ಪ್ಲೇಯರ್ ಈ ತಡವನ್ನು ಲೆಕ್ಕಕ್ಕೆ ತಗೊಂಡು ಚಿತ್ರವನ್ನೂ ಅಷ್ಟೇ ಹಿಂದೆ ಹಿಡಿಯುತ್ತದೆ, ಅದಕ್ಕೇ ಅಲ್ಲಿ ನಿಮಗೆ ಗೊತ್ತಾಗುತ್ತಿಲ್ಲ. ಬಹಳಷ್ಟು ಟಿವಿಗಳು ಹಾಗೆ ಮಾಡುವುದಿಲ್ಲ. ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೊ ಡಿಲೇ ಅಂತ ಇದ್ದರೂ ಅದು ಸಾಧಾರಣವಾಗಿ ದನಿಯನ್ನು ಇನ್ನಷ್ಟು ತಡ ಮಾಡುತ್ತದೆಯೇ ಹೊರತು ಮುಂದಕ್ಕೆ ತರುವುದಿಲ್ಲ.

ಅಂಗಡಿಯವರು ಬ್ಲೂಟೂತ್ 5.3 ಅಂತ ತೋರಿಸಿದರೆ ಮರುಳಾಗಬೇಡಿ. ಆ ಅಂಕಿ ಒಂದರಿಂದಲೇ ತಡ ಕಡಿಮೆಯಾಗುವುದಿಲ್ಲ. ಆಪ್ಟ್‌ಎಕ್ಸ್ ಲೋ ಲೇಟೆನ್ಸಿ ಅನ್ನುವ ಕೋಡೆಕ್ ಇದ್ದರೆ ಸುಮಾರು 40 ಮಿಲಿಸೆಕೆಂಡಿಗೆ ಇಳಿಯುತ್ತದೆ, ಆದರೆ ಕಳಿಸುವುದರಲ್ಲೂ ಪಡೆಯುವುದರಲ್ಲೂ ಅದು ಇರಬೇಕು. ಎಲ್‌ಡಿಎಸಿ ಕೋಡೆಕ್ ಗುಣಮಟ್ಟಕ್ಕಾಗಿ ಇರುವುದು, ವೇಗಕ್ಕಲ್ಲ.

ನನ್ನ ಮಟ್ಟಿಗೆ ನೇರ ಮಾತು: ಟಿವಿಗೆ ಬ್ಲೂಟೂತ್ ಬೇಡವೇ ಬೇಡ, ವೈರ್ ಹಾಕಿ. ಟಿವಿ ಹಿಂದೆ ಆಪ್ಟಿಕಲ್ ತೂತಿದ್ದರೆ (ಮುಚ್ಚಳ ತೆಗೆದಾಗ ಕೆಂಪು ಬೆಳಕು ಕಾಣುತ್ತದೆ) ಒಂದು ಸಣ್ಣ ಆಪ್ಟಿಕಲ್ ಡ್ಯಾಕ್ ಡಬ್ಬಿ (ಡಿಜಿಟಲ್ ದನಿಯನ್ನು ಆಕ್ಸ್‌ಗೆ ಹೊಂದುವ ಸಾದಾ ದನಿಯಾಗಿ ಬದಲಿಸುವುದು) ತಗೊಂಡು ಅದರ ಔಟ್‌ಪುಟ್‌ ಅನ್ನು ಆಕ್ಸ್‌ಗೆ ಕೊಡಿ. ಟಿವಿಯ ಡಿಜಿಟಲ್ ಔಟ್‌ಪುಟ್‌ ಅನ್ನು ಪಿಸಿಎಂಗೆ (ಕುಗ್ಗಿಸದ ಡಿಜಿಟಲ್ ದನಿಗೆ) ಬದಲಿಸುವುದು ಮರೆಯಬೇಡಿ. ಆಟೋ ಅಥವಾ ಡಾಲ್ಬಿ ಮೇಲೆ ಬಿಟ್ಟರೆ ಈ ಸಣ್ಣ ಡ್ಯಾಕ್‌ಗಳಿಂದ ದನಿಯೇ ಬರುವುದಿಲ್ಲ, ಇಲ್ಲವೇ ಕರಕರ ಸದ್ದು ಬರುತ್ತದೆ. ಜನ ಡ್ಯಾಕ್ ಕೆಟ್ಟಿದೆ ಅಂತ ವಾಪಸ್ ಕಳಿಸುವುದು ಇದರಿಂದಲೇ.

ನಿಮ್ಮ ಹಮ್ ಕೂಡ ಇದರಲ್ಲೇ ಹೋಗಬಹುದು. ಒಂದು ಪರೀಕ್ಷೆ ಮಾಡಿ: ಹಮ್ ಬರುತ್ತಿರುವಾಗ ಸೆಟ್‌ಟಾಪ್ ಬಾಕ್ಸಿಗೆ ಬರುವ ಡಿಶ್ ಅಥವಾ ಕೇಬಲ್ ವೈರ್ ಬಿಚ್ಚಿ. ಸದ್ದು ನಿಂತರೆ ಆ ವೈರಿನ ಹೊರ ಕವಚದಿಂದ ಗ್ರೌಂಡ್ ಲೂಪ್ (ಎರಡು ದಾರಿಯಿಂದ ಗ್ರೌಂಡ್ ಸೇರಿ ಹಮ್ ತರುವ ಸುತ್ತು) ಆಗಿದೆ. ಆಪ್ಟಿಕಲ್‌ನಲ್ಲಿ ಹೋಗುವುದು ಬೆಳಕು, ವಿದ್ಯುತ್ ಅಲ್ಲ, ಹಾಗಾಗಿ ಲೂಪ್ ಕಡಿದುಹೋಗುತ್ತದೆ. ಆಪ್ಟಿಕಲ್ ಇಲ್ಲದ ಟಿವಿಗೆ ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ನಡುವೆ ಹಾಕಿದರೂ ಆಗುತ್ತದೆ, ಬೇಸ್ ಮಾತ್ರ ಕೊಂಚ ತೆಳುವಾಗುತ್ತದೆ. ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಹಮ್ ಹೋಗಬಹುದು, ಮೈಕ್ ಹಿಡಿದವರಿಗೆ ಶಾಕ್ ಹೊಡೆಯಬಹುದು.

ಫರಸಿ_ಮನಿ, ಜಮಖಂಡಿ

ಡಿಶ್ ವೈರ್ ಬಿಚ್ಚಿದ ಕೂಡ್ಲೆ ಹಮ್ ಗಪ್ ಆತ್ರಿ. ಟಿವಿಗೆ ಆಪ್ಟಿಕಲ್ ಐತಿ. 19 ವೋಲ್ಟಿನ ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿದ ಮ್ಯಾಲೆ ಬಂದ್ ಆಗೂದೂ ನಿಂತೈತಿ, ಕೆಪ್ಯಾಸಿಟರ್ 35 ವಿ ಅದಾವು. ಈಗ ಮೈಕಿನ ಮಾತು. ಬ್ಲೂಟೂತ್ ಮೈಕ್ ತಗೊಂಡ್ರ ವೈರಿನ ಕಿರಿಕಿರಿನs ಇರೂದಿಲ್ಲಲ್ಲ?

ಸೆಕ್ಟರ್_ಸೌಂಡ್, ಬಾಗಲಕೋಟೆ ನವನಗರ

ಬ್ಲೂಟೂತ್ ಮೈಕ್ ಬ್ಯಾಡ್ರಿ. ಟ್ರ್ಯಾಕ್ ತಡಾ ಆದ್ರ ನಡೀತೈತಿ, ಯಾಕಂದ್ರ ಹಾಡಾವ್ರು ಸ್ಪೀಕರ್‌ದಾಗ ಕೇಳಿದ್ದಕ್ಕ ಹಾಡ್ತಾರ. ತಮ್ಮ ದನಿನs ತಡಾ ಮಾಡಿ ಕಿವಿಗೆ ಬಂದ್ರ ನಾಲಗಿ ತೊಡರತೈತಿ, ತಾಳ ತಪ್ಪತೈತಿ. ಮೊಬೈಲ್ ಆಪ್‌ನ್ಯಾಗ ಹಾಡಿ ಬ್ಲೂಟೂತ್ ಸ್ಪೀಕರ್‌ದಾಗ ಕೇಳೂದೂ ಇದs ಜಾತಿ. ಅದರ ಮ್ಯಾಲೆ ಇನ್ನೊಂದು: ಆಪ್ ಬ್ಲೂಟೂತ್ ಮೈಕ್ ಚಾಲೂ ಮಾಡಿದ ಕೂಡ್ಲೆ ಮೊಬೈಲ್ ಫೋನ್-ಕರೆ ಮೋಡಿಗೆ ಹೋಗತೈತಿ, ಹಾಡು ಟೆಲಿಫೋನ್‌ದಾಗ ಕೇಳಿದಂಗ ಬರತೈತಿ. ಮೊಬೈಲ್‌ನ ಬ್ಲೂಟೂತ್ ಸೆಟ್ಟಿಂಗ್‌ದಾಗ ಆ ಆಂಪ್ಲಿಫೈಯರ್ ಹೆಸರಿನ ಬಾಜೂಕ ಗೇರ್ ಒತ್ತಿ ಫೋನ್ ಕರೆ ತಗದು, ಮೀಡಿಯಾ ಆಡಿಯೊ ಒಂದನ್ನs ಇಡ್ರಿ.

ವೈರ್ ಬ್ಯಾಡ ಅಂದ್ರ ರಿಸೀವರ್ ಸಹಿತ ಬರೂ ಯುಎಚ್‌ಎಫ್ ಮೈಕ್ ತಗೋರಿ, ಅದರಾಗ ತಡ ಗೊತ್ತಾಗೂದಿಲ್ಲ. 2.4 ಗಿಗಾಹರ್ಟ್ಸ್ ಮೈಕ್ ಅಗ್ಗ ಸಿಗತಾವು, ಖರೇ, ಆದ್ರ ವೈಫೈ, ಬ್ಲೂಟೂತ್ ಎಲ್ಲಾ ಅದs ಪಟ್ಟಿಯೊಳಗ ಗುದ್ದಾಡತಾವು. ನಿಮ್ಮ ರೊಕ್ಕದಾಗ ನಾ ಹೇಳೂದು ವೈರಿನ ಡೈನಾಮಿಕ್ ಮೈಕ್ (ಬ್ಯಾಟರಿ ಬ್ಯಾಡಾದ, ಸುರುಳಿ-ಅಯಸ್ಕಾಂತದ ಮೈಕ್) ಒಂದs.

ಬೆಸುಗೆ_ತಂತಿ, ಬೆಳಗಾವಿ

ಸೆಕ್ಟರ್ ಅಣ್ಣನವರ ಮಾತಿಗೆ ನನ್ನದೂ ಸಹಿ. ಮೈಕ್ ದನಿ ಸಣ್ಣಗಿರುವ ಕಾರಣ ಇಷ್ಟೇ: ಡೈನಾಮಿಕ್ ಮೈಕಿನಿಂದ ಬರುವುದು ಕೆಲವು ಮಿಲಿವೋಲ್ಟ್, ಆಕ್ಸ್ ನಿರೀಕ್ಷಿಸುವುದು ಅದರ ನೂರಾರು ಪಟ್ಟು. ನಡುವೆ ಪ್ರೀಆಂಪ್ (ಸಣ್ಣ ಸಿಗ್ನಲ್ ಏರಿಸುವ ಭಾಗ) ಬೇಕೇ ಬೇಕು. ಕನ್ವರ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ, ದನಿ ಏರಿಸುವುದಿಲ್ಲ.

ಆ 2000 ವ್ಯಾಟ್ ಪೆಟ್ಟಿಗೆಯ ಹಿಂಬದಿ ತಿರುಗಿಸಿ ಫ್ಯೂಸ್ ಹೋಲ್ಡರ್ ಪಕ್ಕ ಓದಿ. 2 ಆಂಪಿಯರ್ ಅಂತ ಇದ್ದರೆ 230 ವೋಲ್ಟಿಗೆ ಗೋಡೆಯಿಂದ ಎಳೆಯುವುದೇ ಸುಮಾರು 460 ವ್ಯಾಟ್, 1 ಆಂಪಿಯರ್ ಇದ್ದರೆ 230. ಮನೆಯ 6 ಆಂಪಿಯರ್ ಸಾಕೆಟ್ಟೇ 1380 ವ್ಯಾಟ್‌ಗೆ ಮುಗಿಯುತ್ತದೆ. ಒಳಗೆ ಬರದ ಕರೆಂಟ್ ಸ್ಪೀಕರಿಗೆ ಎಲ್ಲಿಂದ ಹೋಗಬೇಕು? ಪಿಎಂಪಿಒ (ಕ್ಷಣಮಾತ್ರದ, ಉಬ್ಬಿಸಿದ ವ್ಯಾಟ್) ಅಂತ ಬರೆದಿದ್ದರೆ ಓದದೆ ಮುಂದೆ ಹೋಗಿ. ಆರ್‌ಎಂಎಸ್ (ನಿರಂತರವಾಗಿ ಕೊಡುವ ವ್ಯಾಟ್) ಎಷ್ಟು, ಎಷ್ಟು ಓಮಿಗೆ, ಎಷ್ಟು ಶೇಕಡಾ ಡಿಸ್ಟಾರ್ಷನ್‌ನಲ್ಲಿ (ದನಿ ಒಡೆಯುವ ಪ್ರಮಾಣ), ಈ ಮೂರೂ ಒಟ್ಟಿಗೆ ಇದ್ದರೆ ಮಾತ್ರ ಆ ಅಂಕಿಗೆ ಬೆಲೆ. ಶೇಕಡಾ 10 ಡಿಸ್ಟಾರ್ಷನ್‌ನಲ್ಲಿ ಹೇಳಿದ ವ್ಯಾಟ್ ಅಂದರೆ ದನಿ ಆಗಲೇ ಒಡೆದಿದೆ ಅಂತ.

ನಿಮ್ಮ ಡಬ್ಬಿ ಈಗ ಸರಿಯಾಗಿ ದುಡಿಯುತ್ತಿರುವಾಗ ಹೊಸ ಆಂಪ್ಲಿಫೈಯರ್ ಯಾಕೆ? ಎಫೆಕ್ಟ್ (ಎಕೋದಂಥದ್ದು) ಇರುವ 4 ಚಾನೆಲ್‌ನ ಸಣ್ಣ ಮಿಕ್ಸರ್ ಒಂದು (ಮೈಕಿನ ಪ್ರೀಆಂಪ್ ಅದರೊಳಗೇ ಇರುತ್ತದೆ), ಒಳ್ಳೆಯ ಡೈನಾಮಿಕ್ ಮೈಕ್ ಒಂದು, ಆಪ್ಟಿಕಲ್ ಡ್ಯಾಕ್ ಒಂದು. ಮೈಕ್ ಮತ್ತು ಟಿವಿ ಎರಡೂ ಮಿಕ್ಸರಿಗೆ, ಮಿಕ್ಸರ್‌ನಿಂದ ಡಬ್ಬಿಯ ಆಕ್ಸ್‌ಗೆ. ಡಬ್ಬಿಯೊಳಗಿನ ಬ್ಲೂಟೂತ್ ಹಾಡು ಕೇಳುವುದಕ್ಕೆ ಮಾತ್ರ. ಡಬ್ಬಿಯನ್ನು ಬ್ಲೂಟೂತ್‌ಗೆ ಹಾಕಿದಾಗ ಬಹಳಷ್ಟು ಬೋರ್ಡುಗಳಲ್ಲಿ ಆಕ್ಸ್ ಸುಮ್ಮನಾಗುತ್ತದೆ. ಮೊಬೈಲ್ ಟ್ರ್ಯಾಕಿಗೆ ಹಾಡಬೇಕಾದರೆ ಮೊಬೈಲ್ ಅನ್ನೂ ಮಿಕ್ಸರಿಗೇ ಜೋಡಿಸಿ.

ಇಲ್ಲಿ ಎಲ್ಲರೂ ಎಡವುವುದು ವೈರಿನಲ್ಲಿ. ಮೊಬೈಲ್‌ನ ಸ್ಟೀರಿಯೊ ಪಿನ್‌ ಅನ್ನು ದಪ್ಪ ಸ್ಟೀರಿಯೊ ಪಿನ್ನಾಗಿ ಬದಲಿಸಿ ಮಿಕ್ಸರಿನ ಒಂದೇ ಬ್ಯಾಲೆನ್ಸ್ಡ್ ತೂತಿಗೆ (ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಹಿಡಿಯುವ ತೂತು) ಹಾಕಿದರೆ ಅದು ಎಡದಿಂದ ಬಲವನ್ನು ಕಳೆಯುತ್ತದೆ. ನಡುವಿನಲ್ಲಿರುವ ಗಾಯನ, ಬೇಸ್, ತಬಲಾ ಮಾಯವಾಗಿ ಅಕ್ಕಪಕ್ಕದ ವಾದ್ಯ ಮಾತ್ರ ಉಳಿಯುತ್ತದೆ. ಒಂದು ಸಣ್ಣ ಸ್ಟೀರಿಯೊ ಪಿನ್, ಇನ್ನೊಂದು ತುದಿಗೆ ಎರಡು ದಪ್ಪ ಮೊನೊ ಪಿನ್ ಇರುವ ವೈರ್ ಕೇಳಿ ತಗೊಳ್ಳಿ. ಮಿಕ್ಸರಿನಿಂದ ಆಕ್ಸ್‌ಗೂ ಅದೇ ವೈರ್ ತಿರುಗಿಸಿ ಹಾಕುವುದು.

ಗುಮ್ಮಟದ_ಎಕೋ, ವಿಜಯಪುರ

ಮಿಕ್ಸರ್ ದನಿ ಚಲೋ ಕೊಡತೈತಿ, ಒಪ್ಪಿದೆ. ಆದ್ರ ಹುಡುಗ್ರು, ಅಜ್ಜಿ ಎಲ್ಲಾರೂ ಚಾಲೂ ಮಾಡೂ ಮನ್ಯಾಗ ಇಪ್ಪತ್ತು ನಾಬ್ ಇಟ್ರ ದಿನಾ ಒಬ್ಬರು ಏನರೆ ತಿರುವಿರತಾರ. ಒಂದs ಪೆಟ್ಟಿಗಿ, ಒಂದು ರಿಮೋಟ್ ಬೇಕಂದ್ರ ಕರೋಕೆ ಆಂಪ್ಲಿಫೈಯರ್ ತಗೋರಿ, ಆದ್ರ ನೋಡಿ ತಗೋರಿ. ಎರಡು ಮೈಕ್ ತೂತು, ಪ್ರತಿ ಮೈಕಿಗೆ ಬ್ಯಾರೆ ವಾಲ್ಯೂಮ್. ಮೈಕಿನ ಬೇಸ್-ಟ್ರೆಬಲ್ ಹಾಡಿನ ಬೇಸ್-ಟ್ರೆಬಲ್‌ನಿಂದ ಬ್ಯಾರೆ ಇರಬೇಕು. ಒಂದs ಇದ್ರ ದನಿ ತಿದ್ದಾಕ ಹೋಗಿ ಹಾಡು ಕೆಡತೈತಿ. ಎಚ್‌ಡಿಎಂಐ ಎಆರ್‌ಸಿ (ಎಚ್‌ಡಿಎಂಐ ವೈರಿನಾಗs ಟಿವಿ ದನಿ ಪೆಟ್ಟಿಗಿಗೆ ಬರೂ ದಾರಿ) ಅಥವಾ ಆಪ್ಟಿಕಲ್ ಒಂದರೆ ಬೇಕು. ಸ್ಪೀಕರ್ ವೈರಿಗೆ ಒತ್ತೂ ಸ್ಪ್ರಿಂಗ್ ಕ್ಲಿಪ್ ಅಲ್ಲ, ತಿರುವೂ ಟರ್ಮಿನಲ್. ಟ್ರಾನ್ಸ್‌ಫಾರ್ಮರ್ ಇದ್ದ ಪೆಟ್ಟಿಗಿ ವೋಲ್ಟೇಜ್ ಇಳಿದಾಗ ದನಿ ಕಳಕೊಂತೈತಿ. 100-240 ವೋಲ್ಟ್ ಅಂತ ಬರದಿದ್ದ ಎಸ್‌ಎಂಪಿಎಸ್ (ಲ್ಯಾಪ್‌ಟಾಪ್ ಚಾರ್ಜರಿನಂಥಾ ಪವರ್ ಸಪ್ಲೈ) ನಮ್ಮ ಬ್ಯಾಸಗಿ ಸಂಜಿಯ ವೋಲ್ಟೇಜಿಗೆ ತಡಕೊಂತೈತಿ. ಪೆನ್‌ಡ್ರೈವ್ ಹಾಕೋರಿದ್ರ ಫ್ಯಾಟ್32 ಮಾಡಿ ಹಾಕ್ರಿ, ಭಾಳ ಪೆಟ್ಟಿಗಿಗೆ ಬ್ಯಾರೆ ಫಾರ್ಮ್ಯಾಟ್ ತಿಳಿಯೂದಿಲ್ಲ.

ಎಕೋ ಬಗ್ಗೆ ಒಂದು ಮಾತು. ಅಗ್ಗದ ಪೆಟ್ಟಿಗಿಯೊಳಗ ಇರೂದು ಹೆಚ್ಚಾಗಿ ಪಿಟಿ2399 ಚಿಪ್. ಡಿಲೇ ಉದ್ದ ಮಾಡಿದಂಗೆಲ್ಲಾ ಅದರಾಗ ಸರಸರ ಸದ್ದು ಏರತೈತಿ. ಡಿಲೇ ಸಣ್ಣದು ಇಡ್ರಿ, ರಿಪೀಟ್ ಎರಡು ಮೂರಕ್ಕ ಮುಗೀಲಿ. ಗೋಳಗುಮ್ಮಟದಾಗ ದನಿ ತಿರುಗಿ ತಿರುಗಿ ಬರೂದು ನೋಡಾಕ ಚಂದ, ಹಾಡಿಗೆ ಅಲ್ಲ.

ಫರಸಿ_ಮನಿ, ಜಮಖಂಡಿ

ಮಿಕ್ಸರ್ ಹಾದಿನs ಹಿಡದ್ನಿ. ಎಲ್ಲಾ ಜೋಡಿಸಿದ ಮ್ಯಾಲೆ ಅಕ್ಷರ, ಹಾಡು ಕೂಡಿ ಬರಾಕತ್ತಾವು. ಆದ್ರ ಮೈಕ್ ಸ್ವಲ್ಪ ಏರಿಸಿದ್ರ ಕುಂಯ್ ಅಂತ ಸೀಟಿ ಹೊಡೀತೈತಿ. ಸ್ಪೀಕರ್ ಟಿವಿ ಎರಡೂ ಬಾಜೂಕ ಅದಾವು, ಹಾಡಾವ್ರು ಟಿವಿ ಕಡೆ ಮಾರಿ ಮಾಡಿ 5 ಅಡಿ ದೂರ ನಿಂದರತಾರ.

ಬೆಸುಗೆ_ತಂತಿ, ಬೆಳಗಾವಿ

ಟಿವಿ ನೋಡುತ್ತಾ ಹಾಡುವ ಮನೆಯಲ್ಲಿ ಸ್ಪೀಕರ್ ಹಾಡುವವರ ಎದುರಿಗೇ ಬರುತ್ತದೆ, ತಪ್ಪಿಸಲಾಗದು. ಕಾರ್ಡಿಯಾಯ್ಡ್ ಮೈಕ್ ತನ್ನ ಹಿಂಬದಿಯ ದನಿಯನ್ನು ಅತಿ ಕಡಿಮೆ ಹಿಡಿಯುತ್ತದೆ, ಹಾಗಾಗಿ ಮೈಕಿನ ಬಾಲ ಸ್ಪೀಕರ್ ಕಡೆಗೇ ಇರಲಿ; ಹಾಡು ಮುಗಿದ ಮೇಲೆ ಕೈ ಇಳಿಬಿಟ್ಟಾಗ ಮೈಕಿನ ಬಾಯಿ ಸ್ಪೀಕರ್ ಕಡೆ ತಿರುಗುತ್ತದೆ, ಸೀಟಿ ಶುರುವಾಗುವುದು ಆಗಲೇ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಕಾರ್ಡಿಯಾಯ್ಡ್ ಗುಣವೇ ಹೋಗುತ್ತದೆ. ಮೈಕ್ ತುಟಿಯಿಂದ ಎರಡು ಬೆರಳು ದೂರ, ಗೇನ್ (ಮೈಕ್ ಸಿಗ್ನಲ್ ಏರಿಸುವ ನಾಬ್) ಕಡಿಮೆ. ಗೇನ್ ಇಡುವ ಕ್ರಮ: ಅತಿ ಜೋರಾಗಿ ಹಾಡಿಸಿ, ಪೀಕ್ ದೀಪ ಮಿನುಗುವವರೆಗೆ ಏರಿಸಿ, ಅಲ್ಲಿಂದ ಕೊಂಚ ಇಳಿಸಿ. ಲೋ ಕಟ್ ಬಟನ್ (ತೀರ ಕೆಳಗಿನ ದಪ್ಪ ದನಿ ಕತ್ತರಿಸುವುದು) ಇದ್ದರೆ ಒತ್ತಿಡಿ. ಸೀಟಿ ತೆಳ್ಳಗೆ ಚುಚ್ಚುವಂತಿದ್ದರೆ ಮೈಕ್ ಚಾನೆಲ್ಲಿನ ಟ್ರೆಬಲ್ ಇಳಿಸಿ, ಊಂ ಅಂತ ದಪ್ಪಗಿದ್ದರೆ ಬೇಸ್. ಎಫೆಕ್ಟ್ ಹೆಚ್ಚಿದಷ್ಟೂ ಸೀಟಿ ಬೇಗ ಬರುತ್ತದೆ, ಮೊದಲು ಅದನ್ನು ಸೊನ್ನೆಗೆ ತಂದು ನೋಡಿ.

ಗುಮ್ಮಟದ_ಎಕೋ, ವಿಜಯಪುರ

ಸ್ಲ್ಯಾಬ್, ಫರಸಿ, ಬರೀ ಗ್ವಾಡಿ: ದನಿ ಪುಟಿಯಾಕ ಇನ್ನೇನ ಬೇಕು. ಹಾಡಾವ್ರ ಬೆನ್ನ ಹಿಂದಿನ ಗ್ವಾಡಿಗೆ, ಅಂದ್ರ ಸ್ಪೀಕರ್ ಎದುರಿನ ಗ್ವಾಡಿಗೆ, ದಪ್ಪ ಕೌದಿ ಒಂದು ಮಡಚಿ ಇಳಿಬಿಡ್ರಿ. ಗ್ವಾಡಿಗೆ ಅಂಟಸದ ಎರಡು ಮೂರು ಇಂಚು ಸಂದು ಬಿಟ್ರ ಇನ್ನೂ ಚಲೋ ಹೀರತೈತಿ. ಕೆಳಗ ಜಮಖಾನಿ ಹಾಸ್ರಿ. ಸ್ಪೀಕರ್ ಮೂಲ್ಯಾಗ ಇಟ್ಟಿದ್ರ ಒಂದು ಅಡಿ ಹೊರಗ ಎಳೀರಿ, ಮೂಲಿ ಬೇಸ್ ಉಬ್ಬಸತೈತಿ.

ಸ್ಪೀಕರ್ ವೈರ್ ಉದ್ದ ಎಷ್ಟೈತಿ? 1 ಚದರ ಮಿಲಿಮೀಟರ್ ತಾಮ್ರದ ವೈರ್ 10 ಮೀಟರ್ ಎಳದ್ರ ಹೋಗಿ ಬರೂ ದಾರಿಗೆ 0.34 ಓಮ್. 8 ಓಮ್ ಸ್ಪೀಕರಿಗೆ ನಡೀತೈತಿ. ಮುಂದ 4 ಓಮ್ ಹಚ್ಚೋರಿದ್ರ ಈಗs 2.5ರ ಮನಿ ವೈರ್ ಎಳದು ಬಿಡ್ರಿ, ಪ್ಲಸ್ ಕೆಂಪು, ಮೈನಸ್ ಕರಿದು, ಎರಡೂ ಸ್ಪೀಕರಿಗೆ ಒಂದs ರೀತಿ. ಒಂದು ತಿರುವುಮುರುವು ಆದ್ರ ಬೇಸ್ ಕಾಣಿಯಾಕ್ಕೈತಿ.