ಪದಚರ್ಚೆ: ಹಡಗಿನ ‘ಮಾದರಿ’ ಎಂದರೆ ಯಾವುದು?

ಮಾನ್ಯರೇ,

ಹಳೆಯ ಯುದ್ಧನೌಕೆಗಳ ಛಾಯಾಚಿತ್ರಗಳಿಗೂ, ಅದೇ ಹಡಗುಗಳನ್ನು ಅಳತೆಗೆ ಇಳಿಸಿ ಮಾಡಿದ ಪುಟ್ಟ ಹಡಗುಗಳಿಗೂ ಕನ್ನಡದಲ್ಲಿ ಅಡಿಬರಹ ಬರೆಯುವ ಕೆಲಸದಲ್ಲಿ ತೊಡಗಿದ್ದೇನೆ. ‘ಮಾದರಿ’ ಎಂಬ ಒಂದೇ ಪದದ ಮೇಲೆ ಮೂರು ಅರ್ಥಗಳ ಹೊರೆ ಬಿದ್ದು ಗೊಂದಲವಾಗುತ್ತಿರುವುದರಿಂದ, ಬಲ್ಲವರ ಅಭಿಪ್ರಾಯವನ್ನು ಕೋರಿ ಇದನ್ನು ಬರೆಯುತ್ತಿದ್ದೇನೆ.

ಕಾರವಾರದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ನೌಕೆಯನ್ನೇ ನೋಡಬಹುದು (‘ಚಾಪೆಲ್’ ಎಂದು ಬರೆಯುವುದೂ ಉಂಟು). ಅದು ಸೋವಿಯತ್ ಒಕ್ಕೂಟದಲ್ಲಿ ರೂಪುಗೊಂಡ ಓಸಾ ಎಂಬ ಕ್ಷಿಪಣಿ ದೋಣಿಗಳ ಗುಂಪಿಗೆ ಸೇರಿದ್ದು. ‘ಓಸಾ ಮಾದರಿಯ ದೋಣಿ’ ಎಂದು ಅಡಿಬರಹ ಕೊಟ್ಟರೆ, ಚಿತ್ರವನ್ನಷ್ಟೇ ನೋಡುವವರು ಅದನ್ನು ಸಿಮೆಂಟಿನಲ್ಲೋ ಫೈಬರಿನಲ್ಲೋ ಮಾಡಿ ನಿಲ್ಲಿಸಿದ ತೋರಿಕೆಯ ದೋಣಿಯೆಂದು ತಿಳಿದುಕೊಂಡಾರು. ಅದಾದರೋ ನೌಕಾಪಡೆಯಲ್ಲಿ ದುಡಿದು ನಿವೃತ್ತವಾದ ಅಸಲು ಹಡಗು. ಪದಗಳನ್ನು ಹಿಂದುಮುಂದು ಮಾಡಿ ‘ಮಾದರಿ ಹಡಗು’ ಎಂದರೆ ತೊಡಕು ಇನ್ನೊಂದು ಬಗೆಯದು: ‘ಮಾದರಿ ಶಾಲೆ’, ‘ಮಾದರಿ ಗ್ರಾಮ’ಗಳ ಸಾಲಿನಲ್ಲಿ ನಿಂತು, ಒಳ್ಳೆಯ ನಡತೆಗಾಗಿ ಬಹುಮಾನ ಪಡೆದ ಹಡಗಿನಂತೆ ಕೇಳಿಸುತ್ತದೆ.

ಒಂದೇ ನಕ್ಷೆಯಂತೆ ಕಟ್ಟಿದ ಹಡಗುಗಳ ಗುಂಪಿಗೆ ‘ವರ್ಗ’ ಎನ್ನುವುದೇ ಸರಿಯೆಂದು ನನಗೆ ತೋರುತ್ತದೆ. ‘ಶ್ರೇಣಿ’ ಎಂಬುದೂ ಬಳಕೆಯಲ್ಲಿದೆ. ಆದರೆ ಅದರಲ್ಲಿ ಮೇಲುಕೀಳಿನ ಸೂಚನೆ ಇಣುಕುತ್ತದೆ. 1817ರಲ್ಲಿ ಮುಂಬಯಿಯಲ್ಲಿ ವಾಡಿಯಾ ಮನೆತನದವರು ತೇಗದ ಮರದಲ್ಲಿ ಕಟ್ಟಿ ನೀರಿಗಿಳಿಸಿದ, ಈಗಲೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿರುವ ಟ್ರಿಂಕೋಮಲಿಯನ್ನು ‘ಲೆಡಾ ವರ್ಗದ ಫ್ರಿಗೇಟ್’ ಎಂದರೆ ಯಾವ ಅನುಮಾನಕ್ಕೂ ಎಡೆಯಿಲ್ಲ.

ನಿಜವಾದ ಕಗ್ಗಂಟು ಇರುವುದು ಪುಟ್ಟ ಹಡಗಿನ ಹೆಸರಿನಲ್ಲಿ. ‘ಪ್ರತಿಕೃತಿ’ ಎಂಬ ಪದವನ್ನು ಹಲವರು ಸೂಚಿಸುತ್ತಾರೆ. ಮೂಲವೊಂದು ಮೊದಲೇ ಇದ್ದು, ಅದನ್ನು ನೋಡಿ ಇನ್ನೊಂದನ್ನು ಮಾಡಿದಾಗ ಮಾತ್ರ ಈ ಪದ ಹೊಂದುತ್ತದೆ. ಲಂಡನ್ನಿನ ಥೇಮ್ಸ್ ದಡದಲ್ಲಿರುವ, ಹದಿನಾರನೆಯ ಶತಮಾನದ ಇಂಗ್ಲಿಷ್ ನಾವಿಕ ಡ್ರೇಕನ ಗೋಲ್ಡನ್ ಹೈಂಡ್ ಹಡಗನ್ನು ಹೋಲುವಂತೆ ಪೂರ್ಣಗಾತ್ರದಲ್ಲಿ ಕಟ್ಟಿದ ಹಡಗಿಗೆ ಅದು ಸರಿಯಾದ ಹೆಸರು. ಆದರೆ ನೌಕೆಗಳ ಚರಿತ್ರೆಯಲ್ಲಿ ಚಿಕ್ಕದು ಮೊದಲು ಹುಟ್ಟಿ ದೊಡ್ಡದು ಆಮೇಲೆ ಬಂದದ್ದೂ ಉಂಟು. ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ 1870ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಪ್ಯಾರಾಫಿನ್ ಮೇಣದಲ್ಲಿ ಮಾಡಿದ ಚಿಕ್ಕ ಒಡಲುಗಳನ್ನು ಅದರಲ್ಲಿ ಎಳೆದು, ಯಾವ ಆಕಾರಕ್ಕೆ ನೀರು ಎಷ್ಟು ಅಡ್ಡಿಯೊಡ್ಡುತ್ತದೆ ಎಂಬುದನ್ನು ಅಳೆದು ನೋಡಿದ. ಇನ್ನೂ ಕಟ್ಟಿರದ ಹಡಗಿಗೆ ಪ್ರತಿಕೃತಿ ಎಲ್ಲಿಂದ ಬರಬೇಕು?

1917ರ ‘ಡ್ಯಾಝಲ್’ ಬಣ್ಣಗಾರಿಕೆಯ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಜರ್ಮನ್ ಜಲಾಂತರ್ಗಾಮಿಗಳ ಗುರಿಕಾರರಿಗೆ ಹಡಗು ಸಾಗುತ್ತಿರುವ ದಿಕ್ಕು ತಿಳಿಯದಂತೆ ಮಾಡಲು, ಚಿತ್ರಕಾರ ನಾರ್ಮನ್ ವಿಲ್ಕಿನ್ಸನ್ನರ ತಂಡವು ಮೊದಲು ಪುಟ್ಟ ಮರದ ಹಡಗುಗಳಿಗೆ ಅಡ್ಡಾದಿಡ್ಡಿ ಪಟ್ಟೆಗಳನ್ನು ಬಳಿದು, ಅವುಗಳನ್ನು ಪೆರಿಸ್ಕೋಪಿನ ಮೂಲಕ ಪರೀಕ್ಷಿಸಿ, ಒಪ್ಪಿಗೆಯಾದ ವಿನ್ಯಾಸವನ್ನಷ್ಟೇ ಬಂದರುಗಳಿಗೆ ಕಳುಹಿಸುತ್ತಿತ್ತು. ಇಲ್ಲಿ ಕಡಲ ಮೇಲಿನ ಹಡಗೇ ಮೇಜಿನ ಮೇಲಿನ ಹಡಗನ್ನು ಅನುಕರಿಸಿತು. ಆ ಹಡಗುಗಳ ಛಾಯಾಚಿತ್ರಗಳು ಬಹುಪಾಲು ಕಪ್ಪುಬಿಳುಪಿನವು. ಅದರಲ್ಲೂ ಅಂದಿನ ಅನೇಕ ಫಿಲ್ಮುಗಳಲ್ಲಿ ಕೆಂಪು ಬಣ್ಣ ಕಪ್ಪಾಗಿಯೂ ನೀಲಿ ಬಣ್ಣ ತೀರ ತೆಳುವಾಗಿಯೂ ಮೂಡುತ್ತಿತ್ತು. ಹೀಗಾಗಿ ಬಣ್ಣದ ವಿಷಯದಲ್ಲಿ ಫೋಟೋಕ್ಕಿಂತ ಆ ಕಾಲದ ಮರದ ಹಡಗಿನ ಸಾಕ್ಷ್ಯಕ್ಕೇ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅಂಥದ್ದನ್ನು ‘ಪ್ರತಿಕೃತಿ’ ಎಂದು ಕರೆದರೆ ಕಾಲಕ್ರಮವೇ ತಲೆಕೆಳಗಾಗುತ್ತದೆ.

ಆದ್ದರಿಂದ ಗುಂಪಿಗೆ ‘ವರ್ಗ’, ಪೂರ್ಣಗಾತ್ರದ ಮರುರಚನೆಗೆ ‘ಪ್ರತಿಕೃತಿ’, ಅಳತೆಗೆ ಇಳಿಸಿದ್ದಕ್ಕೆ ‘ಕಿರುಮಾದರಿ’ ಎಂದು ಬಳಸಲು ಯೋಚಿಸಿದ್ದೇನೆ. ‘ಕಿರುಮಾದರಿ’ಯು ಮೊದಲು ಬಂದದ್ದಕ್ಕೂ ಆಮೇಲೆ ಬಂದದ್ದಕ್ಕೂ ಸಲ್ಲುತ್ತದೆ ಎಂಬುದು ನನ್ನ ವಾದ. ಆಕ್ಷೇಪವಿದ್ದರೆ ತಿಳಿಸಬೇಕು.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಸಂದೇಹವಿದೆ. ಜಪಾನಿನ ಶಿಜುವೊಕಾದ ತಮಿಯಾ, ಹಸೆಗಾವಾ ಮೊದಲಾದ ನಾಲ್ಕು ಕಿರುಮಾದರಿ ತಯಾರಕ ಕಂಪನಿಗಳು ಕೂಡಿ 1971ರಲ್ಲಿ ಆರಂಭಿಸಿದ ‘ವಾಟರ್‌ಲೈನ್’ (ಹಡಗಿನ ಮೈಗೆ ನೀರು ಮುಟ್ಟುವ ಗೆರೆ) ಸರಣಿಯಲ್ಲಿ, ಮೂಲದ ಏಳುನೂರರಲ್ಲೊಂದು ಪಾಲಿನ ಅಳತೆಯ ಹಡಗುಗಳು ನೀರಿನಿಂದ ಮೇಲೆ ಕಾಣುವಷ್ಟೇ ಇರುತ್ತವೆ, ಕೆಳಭಾಗ ಚಪ್ಪಟೆ. ಸುಮಾರು 262 ಮೀಟರ್ ಉದ್ದವಿದ್ದ ಬ್ರಿಟನ್ನಿನ ಯುದ್ಧನೌಕೆ ಹುಡ್ ಈ ಅಳತೆಯಲ್ಲಿ 37 ಸೆಂಟಿಮೀಟರಿಗೆ ಇಳಿದು, ಛಾಯಾಚಿತ್ರದಲ್ಲಿ ಕಂಡಂತೆಯೇ ಮೇಜಿನ ಮೇಲೆ ತೇಲಿದ ಹಾಗೆ ಕೂರುತ್ತದೆ. ಇನ್ನೊಂದು ಬಗೆಯಲ್ಲಿ ಒಡಲು ಪೂರ್ತಿ ಇದ್ದು, ಫೋಟೋದಲ್ಲಿ ಎಂದೂ ಕಾಣದ ಚುಕ್ಕಾಣಿ, ಪ್ರೊಪೆಲ್ಲರ್, ತಳದ ಬಾಗು ಎಲ್ಲವೂ ಕಣ್ಣಿಗೆ ಬೀಳುತ್ತವೆ. 1905ರ ತ್ಸುಶಿಮಾ ಕಾಳಗದಲ್ಲಿ ಹೋರಾಡಿದ ಜಪಾನಿನ ಯುದ್ಧನೌಕೆ ಮಿಕಾಸಾ ಈಗ ಯೊಕೊಸುಕಾದಲ್ಲಿ ಕಾಂಕ್ರೀಟಿನಲ್ಲಿ ಹುದುಗಿ ನಿಂತಿರುವುದರಿಂದ, ಸ್ವತಃ ಅಲ್ಲಿಗೆ ಹೋದವರಿಗೂ ಅದರ ತಳ ಕಾಣುವುದಿಲ್ಲ. ಪೂರ್ಣ ಒಡಲಿನ ಕಿರುಮಾದರಿಯೇ ಗತಿ.

ಈ ಎರಡು ಬಗೆಗಳನ್ನು ಬೇರ್ಪಡಿಸುವ, ಹಡಗಿನ ಮೈಯ ಮೇಲೆ ನೀರು ಮುಟ್ಟುವ ಆ ಗೆರೆಗೆ ಏನೆನ್ನಬೇಕು? ‘ನೀರ್ಗೆರೆ’ ಎಂದರೆ ನೀರಿನ ಮೇಲೆ ಎಳೆದ ಗೆರೆ ಎಂಬ ಅರ್ಥ ಮುಂದಾಗುತ್ತದೆ. ‘ನೀರಿನ ಮಟ್ಟ’ ಎಂದೊಡನೆ ಕನ್ನಡ ಓದುಗರ ಮನಸ್ಸು ಕನ್ನಂಬಾಡಿ ಕಟ್ಟೆಯತ್ತ ಓಡುತ್ತದೆ. ‘ಜಲರೇಖೆ’ ಕೇಳಲು ಗಂಭೀರವಾಗಿದ್ದರೂ ಹಡಗಿನ ನೆನಪನ್ನು ತರುವುದಿಲ್ಲ. ಕಾರವಾರ, ಹೊನ್ನಾವರ, ಭಟ್ಕಳ, ಮಲ್ಪೆಗಳ ಕಡೆ ದೋಣಿ ಕಟ್ಟುವವರ, ಅದಕ್ಕೆ ಬಣ್ಣ ಬಳಿಯುವವರ ಬಾಯಲ್ಲಿ ಈ ಗೆರೆಗೂ, ಅದರ ಕೆಳಗೆ ನೀರಿನಲ್ಲಿ ಮುಳುಗಿರುವ ಭಾಗಕ್ಕೂ ಬೇರೆ ಬೇರೆ ಹೆಸರುಗಳಿರಲೇಬೇಕು. ಅವು ಕೊಂಕಣಿಯವೋ ತುಳುವಿನವೋ ಆಗಿದ್ದರೂ ಅಡ್ಡಿಯಿಲ್ಲ. ಕೇಳಿ ಬಲ್ಲವರು ಪದವನ್ನೂ, ಅದು ಬಳಕೆಯಲ್ಲಿರುವ ಊರನ್ನೂ, ಸಾಧ್ಯವಾದರೆ ಅದು ಬರುವ ಒಂದು ವಾಕ್ಯವನ್ನೂ ತಿಳಿಸಬೇಕೆಂದು ವಿನಂತಿ.