ಅವತಾರ್ ಲೋಕಕ್ಕೆ ಸ್ವಂತ ಪಾತ್ರ: ನನ್ನ ವಾಟರ್‌ಬೆಂಡರ್ ಹುಡುಗಿ ಕ್ಯಾನನ್ (ಮೂಲ ಸರಣಿಯ ಕಥೆ, ನಿಯಮ) ಒಳಗೆ ನಿಲ್ಲುತ್ತಾಳಾ?

ತೆರೆನೊರೆ:
'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ಸರಣಿಗೆ ಫ್ಯಾನ್‌ಫಿಕ್ (ಅಭಿಮಾನಿ ಕಥೆ) ಬರೆಯಬೇಕು ಅಂತಿದ್ದೇನೆ. ಸರಣಿ ನೋಡದವರಿಗೆ: ನೀರು, ಮಣ್ಣು, ಬೆಂಕಿ, ಗಾಳಿಯ ನಾಲ್ಕು ಜನಾಂಗಗಳ ಲೋಕ ಅದು, ತಮ್ಮ ಧಾತುವನ್ನು ಆಡಿಸಬಲ್ಲವರು ಬೆಂಡರ್‌ಗಳು, ನಾಲ್ಕನ್ನೂ ಆಡಿಸಬಲ್ಲವನು ಅವತಾರ್ ಒಬ್ಬನೇ, ಬೆಂಕಿಯ ಫೈರ್ ನೇಷನ್ ಉಳಿದವರ ಮೇಲೆ ಯುದ್ಧ ಹೂಡಿದೆ. ಓಸಿ (ನಾನೇ ಕಟ್ಟಿದ ಪಾತ್ರ) ಬಗ್ಗೆ ಸದ್ಯಕ್ಕೆ ಬರೆದುಕೊಂಡಿರೋದು ಇಷ್ಟು: ಹೆಸರು ಸಿಯಾಲಾ, ವಯಸ್ಸು 15, ದಕ್ಷಿಣದ ವಾಟರ್ ಟ್ರೈಬ್‌ನವಳು. ತಾಯಿ ಅದೇ ಊರಿನವಳು, ತಂದೆ ದಾಳಿಗೆ ಬಂದಿದ್ದ ಫೈರ್ ನೇಷನ್ ಸೈನಿಕ. ಹಾಗಾಗಿ ಅವಳಿಗೆ ನೀರೂ ಬರುತ್ತೆ, ಸಿಡಿಲೂ ಬರುತ್ತೆ. ಬ್ಲಡ್‌ಬೆಂಡಿಂಗ್ (ಮೈಯೊಳಗಿನ ರಕ್ತ ಹಿಡಿದು ಬೇರೆಯವರನ್ನು ಆಡಿಸೋ ವಿದ್ಯೆ) ತಾನಾಗಿಯೇ ಕಲಿತಿದ್ದಾಳೆ. ಕಥಾನಾಯಕ ಅವತಾರ್ ಆಂಗ್ ಮಂಜುಗಡ್ಡೆಯಿಂದ ಹೊರಬಂದ ದಿನದಿಂದಲೇ ತಂಡದಲ್ಲಿ ಇರ್ತಾಳೆ. ಮುಂದೆ ಫೈರ್ ನೇಷನ್ ರಾಜಕುಮಾರ ಝುಕೋ ಜೊತೆ ಪ್ರೀತಿ.

ಸರಣಿ ಚೆನ್ನಾಗಿ ಗೊತ್ತಿರೋರು ಇದರಲ್ಲಿ ಯಾವುದು ನಿಲ್ಲುತ್ತೆ, ಯಾವುದು ಬೀಳುತ್ತೆ, ಯಾಕೆ ಅಂತ ಹೇಳಿ. ಮೊದಲ ಅಧ್ಯಾಯಕ್ಕೆ ಕೈ ಹಾಕೋ ಮುಂಚೆ ಸರಿಮಾಡಿಕೊಳ್ಳಬೇಕು.

ಹಿಮದಾರಿ:
ಶಕ್ತಿ ಆಮೇಲೆ ನೋಡೋಣ, ಮೊದಲು ಇಸವಿ ಮತ್ತು ಊರು. ಅಭಿಮಾನಿಗಳು ವರ್ಷ ಎಣಿಸೋದು ಏರ್ ನೊಮ್ಯಾಡ್‌ಗಳ (ಆಂಗ್‌ನ ಗಾಳಿಯ ಜನ) ಹತ್ಯಾಕಾಂಡದಿಂದ, ಅದೇ ಏಜಿ, 'ಆಫ್ಟರ್ ಜಿನೊಸೈಡ್'. ಸರಣಿ ಏಜಿ 99ರ ಚಳಿಗಾಲದಲ್ಲಿ ಶುರುವಾಗಿ 100ರ ಬೇಸಿಗೆ ಕೊನೆಗೆ ಧೂಮಕೇತು ಬಂದಾಗ ಮುಗಿಯುತ್ತೆ. ಅಂದರೆ ನಿಮ್ಮ ಹುಡುಗಿ ಹುಟ್ಟಿದ್ದು ಸುಮಾರು ಏಜಿ 84ರಲ್ಲಿ.

ತೊಂದರೆ ಇರೋದೇ ಇಲ್ಲಿ. ದಕ್ಷಿಣ ಧ್ರುವದ ಮೇಲೆ ಫೈರ್ ನೇಷನ್ ದಾಳಿ ಶುರುವಾಗಿ ಸರಣಿಯ ಹೊತ್ತಿಗೆ ಅರವತ್ತು ವರ್ಷ ದಾಟಿದೆ. ಸೈನಿಕರು ವಾಟರ್‌ಬೆಂಡರ್‌ಗಳನ್ನು ಹುಡುಕಿ ಹುಡುಕಿ ಹಿಡಿದೊಯ್ದರು, ಕೊನೆಗೆ ಸಿಕ್ಕಿದವಳು ಹಾಮಾ. ಸರಣಿ ಶುರುವಾಗೋ ಹೊತ್ತಿಗೆ ಅಲ್ಲಿ ಉಳಿದಿರೋದು ಆಂಗ್‌ನ ಗೆಳತಿ ಕತಾರಾ ಒಬ್ಬಳೇ. ಆರು ವರ್ಷ ಮುಂಚೆ ಫೈರ್ ನೇಷನ್ ಸೇನಾಧಿಕಾರಿ ಯಾನ್ ರಾ ಆ ಊರಿಗೆ ಬಂದಿದ್ದು ಒಬ್ಬ ವಾಟರ್‌ಬೆಂಡರ್ ಇನ್ನೂ ಇದ್ದಾರೆ ಅನ್ನೋ ಸುಳಿವು ಹಿಡಿದು. ಕತಾರಾಳ ತಾಯಿ ಕಾಯಾ 'ಅದು ನಾನೇ' ಅಂದು ಮಗಳ ಬದಲು ಪ್ರಾಣ ಕೊಟ್ಟಳು. ಅದೇ ಊರಲ್ಲಿ ಒಂಬತ್ತು ವರ್ಷದ ಇನ್ನೊಬ್ಬ ವಾಟರ್‌ಬೆಂಡರ್ ಇದ್ದಳು ಅಂತ ಬರೆದರೆ ಕಾಯಾಳ ಸಾವಿನ ತೂಕವೇ ಹೋಗುತ್ತೆ. ಓದುಗರು ಇದನ್ನು ಕ್ಷಮಿಸಲ್ಲ, ಕ್ಷಮಿಸಬಾರದು ಕೂಡ.

ಅವಳಿಗೆ ನೀರೇ ಬೇಕು ಅಂದರೆ ಎರಡು ದಾರಿ ಇದೆ. ಒಂದು, ಉತ್ತರದ ವಾಟರ್ ಟ್ರೈಬ್. ಅಲ್ಲಿನ ಗುರು ಪಕ್ಕು ಮನಸ್ಸು ಬದಲಿಸಿ ಕತಾರಾಳಿಗೆ ಕಲಿಸೋವರೆಗೂ ಅಲ್ಲಿ ಹೆಣ್ಣುಮಕ್ಕಳಿಗೆ ಬರೀ ಗಾಯ ವಾಸಿ ಮಾಡೋ ವಿದ್ಯೆ ಮಾತ್ರ, ಹೋರಾಟದ ಪಟ್ಟು ಇಲ್ಲ. ಹದಿನೈದರ ಹುಡುಗಿಗೆ ಕಥೆ ಹುಟ್ಟಲು ಈ ಕಟ್ಟು ಸಾಕು. ಎರಡು, ಅರ್ತ್ ಕಿಂಗ್‌ಡಮ್‌ನ ಜೌಗು ಕಾಡಿನ ಜನ. ಬಳ್ಳಿಯೊಳಗಿನ ನೀರನ್ನು ಹಿಡಿದು ಬಳ್ಳಿಯನ್ನೇ ಆಡಿಸುತ್ತಾರೆ, ಅವರ ಮೇಲೆ ಫ್ಯಾನ್‌ಫಿಕ್ ಬರೆದೋರು ಕಡಿಮೆ.

'ಸೆರೆಮನೆಯಲ್ಲಿ ಹುಟ್ಟಿದವಳು' ಅನ್ನೋ ಉಪಾಯ ಬೇಡ. ಹಿಡಿದೊಯ್ದ ವಾಟರ್‌ಬೆಂಡರ್‌ಗಳನ್ನು ಇಟ್ಟಿದ್ದ ಆ ಸೆರೆಮನೆಯಲ್ಲಿ ಒಣಗಾಳಿ ಹಾಯಿಸುತ್ತಿದ್ದರು, ಪಂಜರ ನೆಲಕ್ಕೆ ತಾಗದಂತೆ ತೂಗುಹಾಕುತ್ತಿದ್ದರು, ಕುಡಿಯಲು ನೀರು ಕೊಡೋ ಮುಂಚೆ ಕೈಕಾಲು ಕಟ್ಟುತ್ತಿದ್ದರು. ಅಂಥ ಕಡೆ ಮಗು ಬೆಳೆಯಿತು ಅಂದರೆ ನಂಬೋದು ಕಷ್ಟ.

ಮಿಶ್ರ ರಕ್ತವೇ ಕಥೆಯ ಜೀವ ಅಂತಿದ್ದರೆ ಧ್ರುವ ಬಿಟ್ಟು ಅರ್ತ್ ಕಿಂಗ್‌ಡಮ್‌ನ ಪಶ್ಚಿಮ ಕರಾವಳಿಯ ಫೈರ್ ನೇಷನ್ ವಸಾಹತುಗಳಿಗೆ ಬನ್ನಿ. ಎರಡೂ ಕಡೆಯವರು ತಲೆಮಾರುಗಳಿಂದ ಜೊತೆಗೆ ಬದುಕಿರೋ ಜಾಗ ಅದು. 2012ರ ಕಾಮಿಕ್ಸ್‌ನಲ್ಲಿ ಯು ಡಾವ್ ಊರಿನ ಕೋರಿ ಮೊರಿಶಿತಾ ಬರುತ್ತಾಳಲ್ಲ, ಅವಳ ತಂದೆ ಫೈರ್ ನೇಷನ್, ತಾಯಿ ಅರ್ತ್ ಕಿಂಗ್‌ಡಮ್, ಅವಳು ಅರ್ತ್‌ಬೆಂಡರ್.

ಕಲ್ಲುಚಪ್ಪಡಿ:
ಶಕ್ತಿಯ ಲೆಕ್ಕ ನಾನು ಹೇಳ್ತೀನಿ. ಅವತಾರ್ ಅಲ್ಲದವರಿಗೆ ಒಂದೇ ಧಾತು. ತಂದೆತಾಯಿ ಬೇರೆ ಬೇರೆ ದೇಶದವರಾದರೆ ಮಗುವಿಗೆ ಇದು ಬರಬಹುದು, ಅದು ಬರಬಹುದು, ಏನೂ ಬರದೆಯೂ ಇರಬಹುದು, ಎರಡೂ ಬರಲ್ಲ. ಮುಂದಿನ ಅವತಾರ್‌ನ ಕಥೆಯಾದ ಕೊರ್ರಾ ಸರಣಿಯ ಅಣ್ಣತಮ್ಮಂದಿರನ್ನೇ ನೋಡಿ: ಮಾಕೋಗೆ ಬೆಂಕಿ, ಬೋಲಿನ್‌ಗೆ ಮಣ್ಣು. ಆಂಗ್ ಮತ್ತು ಕತಾರಾಳ ಮೂವರು ಮಕ್ಕಳಲ್ಲಿ ಕಾಯಾಗೆ (ಅಜ್ಜಿಯ ಹೆಸರೇ ಇವಳಿಗೂ) ನೀರು, ಟೆನ್ಝಿನ್‌ಗೆ ಗಾಳಿ, ಬೂಮಿಗೆ ಏನೂ ಇರಲಿಲ್ಲ. (ಬೂಮಿಗೆ ಗಾಳಿ ಬಂದಿದ್ದು ಏಜಿ 171ರ ಹಾರ್ಮೋನಿಕ್ ಕನ್ವರ್ಜೆನ್ಸ್ (ಗ್ರಹಗಳು ಒಂದೇ ಸಾಲಿಗೆ ಬರೋ ಘಟನೆ) ನಂತರ. ಯಾರಿಗಾದರೂ ಏರ್‌ಬೆಂಡರ್ ಓಸಿ ಬೇಕಿದ್ದರೆ ಕಥೆಯನ್ನು ಅಲ್ಲಿಗೆ ತಳ್ಳಿ. 'ಬದುಕುಳಿದ ಗುಪ್ತ ಏರ್ ನೊಮ್ಯಾಡ್' ಬರೆಯಬೇಡಿ, ಆಂಗ್‌ನ ಒಂಟಿತನವೇ ಆ ಸರಣಿಯ ಬೆನ್ನುಮೂಳೆ.)

ಸಿಡಿಲು ಫೈರ್‌ಬೆಂಡಿಂಗ್‌ನದೇ ಕವಲು. ಯುದ್ಧದ ಕಾಲದಲ್ಲಿ ಅದನ್ನು ಹುಟ್ಟಿಸೋದನ್ನು ನಾವು ನೋಡೋದು ಮೂವರಲ್ಲಿ, ಝುಕೋನ ತಂದೆ ಓಝೈ, ತಂಗಿ ಅಝುಲಾ, ದೊಡ್ಡಪ್ಪ ಐರೋ. ಮೂವರೂ ರಾಜಮನೆತನದವರು. ಅದಕ್ಕೆ ಬೇಕಿರೋದು ಸಿಟ್ಟಲ್ಲ, ತಣ್ಣನೆಯ ಮನಸ್ಸು. ಮನಸ್ಸು ಕಲಕಿದ್ದಾಗ ಝುಕೋ ಪ್ರಯತ್ನಪಟ್ಟರೆ ಅದು ಕೈಯಲ್ಲೇ ಸ್ಫೋಟಿಸುತ್ತೆ. ಎಪ್ಪತ್ತು ವರ್ಷ ಕಳೆದ ಮೇಲೆ ವಿದ್ಯುತ್ ಕಾರ್ಖಾನೆಯ ಕೂಲಿಗಾರರೂ ಸಿಡಿಲು ಹೊಡೆಯುತ್ತಾರೆ. ಅಂದರೆ ಒಂದೇ ವಿದ್ಯೆ ಏಜಿ 100ರಲ್ಲಿ ಅತಿ, 170ರಲ್ಲಿ ಸಹಜ. ಲೋಹವೂ ಹಾಗೇ: ಬುಕ್ 2ರ (ಎರಡನೇ ಸೀಸನ್) ಕೊನೆಗೆ ಆಂಗ್ ತಂಡದ ಅರ್ತ್‌ಬೆಂಡರ್ ಟಾಫ್ ಕಬ್ಬಿಣದ ಪೆಟ್ಟಿಗೆ ಸೀಳೋ ಮುಂಚೆ ಯಾರೂ ಮಾಡಿರಲಿಲ್ಲ.

ಬ್ಲಡ್‌ಬೆಂಡಿಂಗ್ ತೆಗೆದುಹಾಕಿ. ಹಾಮಾ ಅದನ್ನು ಸೆರೆಮನೆಯಲ್ಲಿ, ಹುಣ್ಣಿಮೆಯಿಂದ ಹುಣ್ಣಿಮೆಗೆ, ಇಲಿಗಳ ಮೇಲೆ ಪಳಗಿಸಿಕೊಂಡು ಆಮೇಲೆ ಮನುಷ್ಯರ ಮೇಲೆ ಹಾಕಿದಳು. ಅವಳು ತೆತ್ತ ಬೆಲೆ ನಿಮ್ಮ ಹುಡುಗಿ ತೆತ್ತಿಲ್ಲ.

ಇನ್ನು ಕಾದಾಟ. ಪ್ರತಿ ಧಾತುವಿನ ಹಿಂದೆ ನಿಜವಾದ ಚೀನೀ ಕಲೆ ಇದೆ: ನೀರಿಗೆ ತೈ ಚಿ, ಮಣ್ಣಿಗೆ ಹುಂಗ್ ಗಾರ್, ಬೆಂಕಿಗೆ ಉತ್ತರ ಶಾವೊಲಿನ್, ಗಾಳಿಗೆ ಬಾಗ್ವಾ. ಟಾಫ್ ಒಬ್ಬಳದು ಮಾತ್ರ ದಕ್ಷಿಣದ ಪ್ರೇಯಿಂಗ್ ಮ್ಯಾಂಟಿಸ್. ನಿಮ್ಮ ಪಾತ್ರದ ಕಲೆಯ ವಿಡಿಯೋ ಹಾಕಿ ಕಾಲು ಎಲ್ಲಿ ಊರುತ್ತೆ, ಭಾರ ಯಾವ ಕಾಲಿನ ಮೇಲೆ, ಉಸಿರು ಯಾವಾಗ ಬಿಡುತ್ತಾರೆ ನೋಡಿ, ಅದನ್ನು ಬರೆಯಿರಿ. 'ಅವಳು ಕೈ ಬೀಸಿದಳು, ಬಂಡೆ ಹಾರಿತು' ಅಂದರೆ ಯಾರ ಕಣ್ಣಿಗೂ ಏನೂ ಕಾಣಲ್ಲ.

ಮಿತಿಯನ್ನೂ ಮೊದಲೇ ಬರೆದಿಡಿ. ವಾಟರ್‌ಬೆಂಡರ್ ಹತ್ತಿರ ಒಂದು ಚರ್ಮದ ನೀರಚೀಲ ಇದೆ ಅಂದರೆ ಒಂದು ಚಾಟಿಗೋ ನಾಲ್ಕಾರು ಹಿಮದ ಮೊಳೆಗೋ ಸಾಕಾಗುವಷ್ಟು ನೀರು, ಗೋಡೆ ಎಬ್ಬಿಸೋಕಲ್ಲ. ಅರ್ತ್‌ಬೆಂಡರ್‌ಗೆ ಮರದ ಹಡಗಿನ ಮೇಲೆ ಏನೂ ಸಿಗಲ್ಲ. ಹಾರು ಅನ್ನೋ ಅರ್ತ್‌ಬೆಂಡರ್ ಹುಡುಗನ ತಂದೆಯನ್ನು ಸಮುದ್ರದ ನಡುವಿನ ಲೋಹದ ಕಟ್ಟೆಯಲ್ಲಿ ಕೂಡಿಹಾಕಿದ್ದು ಅದಕ್ಕೇ. ಫೈರ್‌ಬೆಂಡರ್‌ಗೆ ಸೂರ್ಯಗ್ರಹಣದ ಎಂಟು ನಿಮಿಷ ಕೈ ಖಾಲಿ. ಪ್ರತಿ ಹೊಡೆದಾಟವೂ ಹೊಸ ಶಕ್ತಿ ಉಕ್ಕಿ ಮುಗಿದರೆ ಮೂರನೇ ಅಧ್ಯಾಯಕ್ಕೆ ಓದುಗರು ಹೋಗಿಬಿಡ್ತಾರೆ.

ತೆರೆನೊರೆ:
ತುಂಬಾ ಉಪಕಾರ ಆಯ್ತು. ವಸಾಹತಿನ ಅರ್ತ್‌ಬೆಂಡರ್ ಅಂತಲೇ ಇಟ್ಟುಕೊಳ್ತೀನಿ, ತಂದೆ ನಿವೃತ್ತ ಫೈರ್ ನೇಷನ್ ಸೈನಿಕ. ಮೂರು ವಿಷಯ ಉಳಿದಿದೆ. ಹೆಸರು ಭಾರತದ್ದು ಇಡಬಹುದಾ? ಒಳಗಿನ ತೊಳಲಾಟ ಹೇಗೆ ಕಟ್ಟೋದು? ತಂಡಕ್ಕೆ ಯಾವಾಗ ಸೇರಿಸೋದು?

ಮಳೆಬಿಲ್ಲು:
ಹೆಸರು: ನಮ್ಮ ಕಡೆಯ ಎಳೆ ಸರಣಿಯಲ್ಲೇ ಇದೆ. 'ಅವತಾರ' ನಮ್ಮದೇ, ದ್ವಂದ್ವಯುದ್ಧಕ್ಕೆ ಅಗ್ನಿ ಕೈ ಅಂತಾರೆ, ಪೂರ್ವದ ಏರ್ ಟೆಂಪಲ್‌ನಲ್ಲಿ ಗುರು ಪಥಿಕ್ ಕೂತಿದ್ದಾನೆ. ಆದರೆ ಅರ್ತ್ ಕಿಂಗ್‌ಡಮ್‌ನ ಬರಹ ಚೀನೀ ಲಿಪಿಯದು, ಸಾಮಾನ್ಯ ಜನರ ಹೆಸರು ಜಿನ್, ಸಾಂಗ್, ಲೀ ಥರ ಚಿಕ್ಕವು. ಮನೆತನದ ಹೆಸರು ಎದ್ದು ಕಾಣೋದು ಬೇಫಾಂಗ್‌ನಂಥ ದೊಡ್ಡ ಮನೆಗಳಲ್ಲಿ. ಭಾರತೀಯ ಹೆಸರನ್ನು ಪಥಿಕ್‌ನಂಥ ಅಲೆಮಾರಿ ಗುರುವಿಗೆ ಇಡಿ, ವಸಾಹತಿನ ಹುಡುಗಿಗೆ ಒಂದೆರಡು ಅಕ್ಷರದ ಹೆಸರು ಸಾಕು. ಮನೆಯಲ್ಲಿ ತಂದೆ ಒಂದು ಹೆಸರು, ತಾಯಿ ಇನ್ನೊಂದು ಹೆಸರು ಕರೆಯೋ ಹಾಗೆ ಮಾಡಿದರೆ ಇನ್ನೂ ಚೆನ್ನ.

ತೊಳಲಾಟಕ್ಕೆ ಪಥಿಕ್ ಆಂಗ್‌ಗೆ ಹೇಳಿಕೊಡೋ ಏಳು ಚಕ್ರಗಳಿಗಿಂತ ಒಳ್ಳೆ ಸಲಕರಣೆ ನನಗೆ ಗೊತ್ತಿಲ್ಲ. ನಮ್ಮ ಯೋಗದ ಹೆಸರಿನಲ್ಲೇ ಹೇಳ್ತೀನಿ: ಮೂಲಾಧಾರಕ್ಕೆ ಭಯ ಅಡ್ಡ, ಸ್ವಾಧಿಷ್ಠಾನಕ್ಕೆ ಅಪರಾಧಪ್ರಜ್ಞೆ, ಮಣಿಪೂರಕ್ಕೆ ನಾಚಿಕೆ, ಅನಾಹತಕ್ಕೆ ದುಃಖ, ವಿಶುದ್ಧಕ್ಕೆ ತನಗೆ ತಾನೇ ಹೇಳಿಕೊಂಡ ಸುಳ್ಳು, ಆಜ್ಞಾಕ್ಕೆ ಭ್ರಮೆ, ಸಹಸ್ರಾರಕ್ಕೆ ಮೋಹ. ಒಂದನ್ನು ಮಾತ್ರ ಆರಿಸಿ. ನಿಮ್ಮ ಹುಡುಗಿಗೆ ವಿಶುದ್ಧ ಒಪ್ಪುತ್ತೆ: ಅಪ್ಪ ಯುದ್ಧದಲ್ಲಿ ಏನು ಮಾಡಿದ ಅಂತ ಕೇಳದೆ 'ಅವನು ಬರೀ ಅಡುಗೆ ಪಡೆಯಲ್ಲಿದ್ದ' ಅಂತ ನಂಬಿಕೊಂಡಿದ್ದಾಳೆ. ಅದು ಗಂಟಲಲ್ಲಿ ಕೂರೋ ಚಕ್ರ. ಅಪ್ಪನ ಎದುರು ಮಾತು ಕಟ್ಟಿಹೋಗುತ್ತೆ, ನಿಲುವು ಸಡಿಲವಾಗಿ ಬಂಡೆ ಏಳಲ್ಲ. ಬೆಂಡಿಂಗ್ ಸೋಲೋದಕ್ಕೆ ಹೀಗೆ ಒಳಗಿನ ಕಾರಣ ಸಿಕ್ಕಿದರೆ ಕಾದಾಟ ಮತ್ತು ಮನಸ್ಸು ಎರಡನ್ನೂ ಬೇರೆ ಬೇರೆ ಬರೆಯಬೇಕಾಗಲ್ಲ.

ಇನ್ನೊಂದು, 'ಕಲ್ಲುಚಪ್ಪಡಿ' ಹೇಳಿದ ಕಲೆಗಳ ಮಾತಿಗೆ ಸೇರಿಸಿ: ಐರೋ ಸಿಡಿಲನ್ನು ತಿರುಗಿಸೋ ಪಟ್ಟು ಕಟ್ಟಿದ್ದು ವಾಟರ್‌ಬೆಂಡರ್‌ಗಳನ್ನು ನೋಡಿ. ಧಾತು ದಾಟಲ್ಲ, ಪಟ್ಟು ದಾಟುತ್ತೆ. ಅಪ್ಪನಿಂದ ಕಲಿತ ಎತ್ತರದ ಒದೆತದಲ್ಲಿ ಇವಳು ಮಣ್ಣು ಎಬ್ಬಿಸಲಿ. ಊರಿನ ಅರ್ತ್‌ಬೆಂಡರ್‌ಗಳು ಅದನ್ನು ನೋಡಿ ಮುಖ ತಿರುಗಿಸಲಿ. ನೀವು ಮೊದಲು ಬಯಸಿದ ಮಿಶ್ರತನ ಇದರಲ್ಲೇ ಪೂರ್ತಿ ಸಿಗುತ್ತೆ, ನಿಯಮವೂ ಮುರಿಯಲ್ಲ.

ತಂಡಕ್ಕೆ ಸೇರಿಸಲೇಬೇಡಿ. ಆಂಗ್‌ಗೆ ಮಣ್ಣು ಕಲಿಸೋಕೆ ಟಾಫ್ ಇದ್ದಾಳೆ, ಯೋಜನೆ ಹಾಕೋಕೆ ಕತಾರಾಳ ಅಣ್ಣ ಸೊಕ್ಕಾ ಇದ್ದಾನೆ. ಇವಳು ಬಂದರೆ ಅವರಲ್ಲಿ ಒಬ್ಬರ ಮಾತು ಕಿತ್ತುಕೊಳ್ಳಬೇಕಾಗುತ್ತೆ. ಕಥೆಯನ್ನು ಯುದ್ಧ ಮುಗಿದ ಮರುವರ್ಷಕ್ಕೆ ಒಯ್ಯಿರಿ. ಫೈರ್ ಲಾರ್ಡ್ ಝುಕೋ ಮತ್ತು ಅರ್ತ್ ಕಿಂಗ್ ಕುಯೆ ಒಪ್ಪಂದ ಮಾಡಿಕೊಂಡು ವಸಾಹತಿನ ಫೈರ್ ನೇಷನ್ ಜನರನ್ನು ವಾಪಸ್ ಕಳಿಸಲು ಹೊರಡ್ತಾರೆ. ಅಪ್ಪ ಹಡಗು ಹತ್ತಬೇಕು, ಅಮ್ಮನ ಊರು ಇದೇ, ಮಗಳು ಎಲ್ಲಿ? ಝುಕೋ ಯು ಡಾವ್‌ಗೆ ಬರುತ್ತಾನೆ. ಆದರೆ ಪ್ರೇಮಿಯಾಗಿ ಅಲ್ಲ, ಇವಳ ಮನೆ ಒಡೆಯೋ ಆದೇಶಕ್ಕೆ ಸಹಿ ಹಾಕಿದವನಾಗಿ. ಅವನ ಎದುರು ಇವಳಿಗೆ ಒಂದೇ ಒಂದು ದೃಶ್ಯ ಕೊಡಿ, ಸಾಕು.

ಹಿಮದಾರಿ:
ಹಾಗಾದರೆ ಇಸವಿ ತಿದ್ದಿಕೊಳ್ಳಿ. ಕಥೆ ಏಜಿ 101ರಲ್ಲಿ, ವಯಸ್ಸು 15, ಹುಟ್ಟಿದ್ದು 86. ಅಪ್ಪ ಅವಳು ಹುಟ್ಟೋ ಮುಂಚೆಯೇ ಸೈನ್ಯ ಬಿಟ್ಟಿದ್ದರೆ ಐರೋ ಬಾ ಸಿಂಗ್ ಸೇ ಕೋಟೆಗೆ 600 ದಿನ ಹಾಕಿದ ಮುತ್ತಿಗೆಯಲ್ಲಿ ಅವನು ಇರೋಕಾಗಲ್ಲ, ಅದು ಅದಾದ ಮೇಲಿನದು. ಅವನನ್ನು ಆ ಮುತ್ತಿಗೆಯಲ್ಲಿ ನಿಲ್ಲಿಸಬೇಕು ಅನಿಸಿದರೆ ಮಗಳ ಬಾಲ್ಯದಲ್ಲಿ ಎರಡು ವರ್ಷದ ಹತ್ತಿರ ಅಪ್ಪ ಮನೆಯಲ್ಲಿ ಇರಬಾರದು. 'ಅಡುಗೆ ಪಡೆ'ಯ ಸುಳ್ಳನ್ನು ಅಮ್ಮ ಹೇಳಿದ್ದು ಆಗಲೇ ಅಂತ ಇಡಬಹುದು.